ಕಿಟ್ ಕಾರಿನ ಫೈಬರ್‌ಗ್ಲಾಸ್ ಬಾಡಿಯಲ್ಲಿ ಹೆಡ್‌ಲೈಟ್: ಹಾಕಿ ನೋಡಿದ ಮೇಲೆ ಒಂದು ಹೋಲಿಕೆ

ಬಿಡಿಭಾಗಗಳಾಗಿ ಕೊಂಡು ನಾವೇ ಜೋಡಿಸಿಕೊಳ್ಳುವ ಕಿಟ್ ಕಾರಿಗೆ ಯಾವ ಹೆಡ್‌ಲೈಟ್ ಒಳ್ಳೆಯದು ಎಂದು ಕೇಳುವವರು ಸಾಮಾನ್ಯವಾಗಿ ಬೆಳಕಿನ ಬಗ್ಗೆಯೇ ಕೇಳುತ್ತಿರುತ್ತಾರೆ. ಹ್ಯಾಲೊಜನ್ ಸಾಕೇ, ಎಲ್‌ಇಡಿ ಬೇಕೇ, ಉಬ್ಬು ಮಸೂರದ ಮೂಲಕ ಬೆಳಕು ಬೀರುವ ಪ್ರೊಜೆಕ್ಟರ್ ಹಾಕಿದರೆ ಹೇಗೆ ಎಂಬ ಪ್ರಶ್ನೆಗಳಿಂದಲೇ ನಾನೂ ಆರಂಭಿಸಿದೆ. ಒಂದೇ ಕಾರಿನ ಮೇಲೆ ಮೂರು ಬಗೆಯ ದೀಪಗಳನ್ನೂ, ಅವನ್ನು ಹಿಡಿದು ನಿಲ್ಲಿಸುವ ಮೂರು ಬಗೆಯ ಏರ್ಪಾಟುಗಳನ್ನೂ ಒಂದರ ನಂತರ ಒಂದು ಹಾಕಿ, ಓಡಿಸಿ, ಬಿಚ್ಚಿದ ಮೇಲೆ ಈ ಪ್ರಶ್ನೆಗಳ ಕ್ರಮವೇ ತಲೆಕೆಳಗಾಗಿದೆ ಎಂಬುದು ನನಗೆ ಮನದಟ್ಟಾಯಿತು. ಫೈಬರ್‌ಗ್ಲಾಸ್ ಬಾಡಿಯಲ್ಲಿ ದೀಪ ಯಾವುದರ ಮೇಲೆ ಕೂತಿದೆ ಎಂಬುದನ್ನು ಮೊದಲು ತೀರ್ಮಾನಿಸಬೇಕು, ಯಾವ ದೀಪ ಎಂಬುದನ್ನು ಆಮೇಲೆ.

ಇದಕ್ಕೆ ಕಾರಣ ಆ ವಸ್ತುವಿನ ಗುಣದಲ್ಲೇ ಇದೆ. ಉಕ್ಕಿನ ಮಡ್‌ಗಾರ್ಡ್ ದೀಪವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಅದರ ಬಿಸಿಯನ್ನು ಹೀರಿಕೊಂಡು ಹರಡುತ್ತದೆ, ಜೊತೆಗೆ ಬ್ಯಾಟರಿಗೆ ಹಿಂದಿರುಗುವ ವಿದ್ಯುತ್ತಿಗೆ ತಾನೇ ದಾರಿಯಾಗುತ್ತದೆ. ಮೂರರಿಂದ ನಾಲ್ಕು ಮಿಲಿಮೀಟರ್ ದಪ್ಪದ ಫೈಬರ್‌ಗ್ಲಾಸ್ ಹಾಳೆ ಈ ಮೂರರಲ್ಲಿ ಒಂದನ್ನೂ ಸರಿಯಾಗಿ ಮಾಡುವುದಿಲ್ಲ. ಅದು ಬಾಗುತ್ತದೆ, ಬಿಸಿಯನ್ನು ಒಳಗೇ ಉಳಿಸುತ್ತದೆ, ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಬಾಗುವುದರ ಪರಿಣಾಮ ಎಷ್ಟು ದೊಡ್ಡದೆಂಬುದು ಲೆಕ್ಕ ಹಾಕಿದಾಗಲೇ ತಿಳಿಯುತ್ತದೆ. 7 ಇಂಚಿನ, ಅಂದರೆ 178 ಮಿಲಿಮೀಟರ್ ವ್ಯಾಸದ ದೀಪದ ಮೇಲಂಚು ಒಂದೇ ಒಂದು ಮಿಲಿಮೀಟರ್ ಮುಂದಕ್ಕೆ ವಾಲಿದರೆ, 10 ಮೀಟರ್ ದೂರದ ಗೋಡೆಯ ಮೇಲೆ ಬೆಳಕಿನ ಗೆರೆ ಸುಮಾರು 56 ಮಿಲಿಮೀಟರ್ ಇಳಿಯುತ್ತದೆ. ಲೋ ಬೀಮ್ ಅನ್ನು 10 ಮೀಟರಿಗೆ 100 ಮಿಲಿಮೀಟರ್ ತಗ್ಗಿಸಿ ಹೊಂದಿಸುವುದು ವಾಡಿಕೆಯಾದ್ದರಿಂದ, ಒಂದು ಮಿಲಿಮೀಟರ್ ಅಲುಗಾಟಕ್ಕೆ ಆ ಹೊಂದಾಣಿಕೆಯ ಅರ್ಧಕ್ಕಿಂತ ಹೆಚ್ಚು ಪಾಲು ಕೈತಪ್ಪಿಹೋಗುತ್ತದೆ.

ಹೋಲಿಕೆಗೆ ನಾನು ಅಳತೆಗೋಲಾಗಿ ಇಟ್ಟುಕೊಂಡದ್ದೂ ಇದನ್ನೇ. ಸಮತಟ್ಟಾದ ನೆಲದ ಮೇಲೆ ಗೋಡೆಯಿಂದ 10 ಮೀಟರ್ ದೂರದಲ್ಲಿ ಕಾರನ್ನು ನಿಲ್ಲಿಸಿ, ದೀಪದ ಕೇಂದ್ರ ನೆಲದಿಂದ 650 ಮಿಲಿಮೀಟರ್ ಎತ್ತರದಲ್ಲಿದ್ದುದರಿಂದ ಗೋಡೆಯ ಮೇಲೆ 550 ಮಿಲಿಮೀಟರ್ ಎತ್ತರದಲ್ಲಿ ಟೇಪ್ ಅಂಟಿಸಿ, ಬೆಳಕು ಮತ್ತು ಕತ್ತಲೆ ಸೇರುವ ಗೆರೆಯನ್ನು ಆ ಟೇಪಿಗೆ ಹೊಂದಿಸಿದೆ. ಅನಂತರ ಇನ್ನೊಬ್ಬರಿಂದ ದೀಪದ ಹಿಂದಿನ ಬಾಡಿಯನ್ನು ಅಂಗೈಯಿಂದ ಒತ್ತಿಸಿ, ಗೆರೆ ಎಷ್ಟು ಸರಿಯುತ್ತದೆ ಎಂದು ಗೋಡೆಯ ಬಳಿ ನಿಂತು ಗುರುತು ಹಾಕಿದೆ. ಹೆಚ್ಚಿನ ಉಪಕರಣವಿಲ್ಲದ ಈ ಪರೀಕ್ಷೆ ನನಗೆ ಕಲಿಸಿದಷ್ಟನ್ನು ಬೇರಾವುದೂ ಕಲಿಸಲಿಲ್ಲ.

ಮೊದಲನೆಯ ಏರ್ಪಾಟು ಬಹುತೇಕ ಕಿಟ್‌ಗಳು ಸೂಚಿಸುವಂಥದ್ದು: ಅಚ್ಚಿನಲ್ಲೇ ಮೂಡಿರುವ ಗುಂಡಿಯಲ್ಲಿ ರಂಧ್ರ ಕೊರೆದು, ದೀಪದ ಬಟ್ಟಲನ್ನು ಅದರೊಳಗೆ ಇಳಿಸಿ, ಅಂಚಿನ ಮೂಲಕ ಫೈಬರ್‌ಗ್ಲಾಸಿಗೇ ನೇರವಾಗಿ ಸ್ಕ್ರೂ ಬಿಗಿಯುವುದು. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ಮೊದಲ ರಾತ್ರಿ ಬೆಳಕು ಚೆನ್ನಾಗಿಯೇ ಇತ್ತು. ಆದರೆ ಒತ್ತಿದಾಗ ಗೋಡೆಯ ಮೇಲಿನ ಗೆರೆ 110 ಮಿಲಿಮೀಟರ್ ಸರಿಯಿತು, ಮತ್ತು ಕೆಲವೇ ವಾರಗಳ ಓಡಾಟದಲ್ಲಿ ಮೂರು ಸ್ಕ್ರೂಗಳಲ್ಲಿ ಎರಡರ ಸುತ್ತ, ಫೈಬರ್‌ಗ್ಲಾಸಿನ ಹೊಳಪಿನ ಹೊರಪದರವಾದ ಜೆಲ್‌ಕೋಟ್‌ನಲ್ಲಿ, ನಕ್ಷತ್ರದಂತೆ ಬಿರುಕು ಬಿಟ್ಟಿತು. ಕೂದಲೆಳೆಯಷ್ಟು ತೆಳುವಾದ ಆ ಗೆರೆಗಳು ಒಣಗಿದ್ದಾಗ ಕಣ್ಣಿಗೆ ಬೀಳುತ್ತಿರಲಿಲ್ಲ. ಕಾರು ತೊಳೆದು ಒರೆಸಿದ ಮೇಲೆ ಕೊಳೆನೀರು ಅವುಗಳಲ್ಲಿ ನಿಂತು ಕಪ್ಪಗೆ ಎದ್ದು ಕಂಡವು. ಸ್ಕ್ರೂವಿನ ಎಳೆಗಳು ಹಿಡಿಯುವುದು ಗಾಜಿನ ನೂಲನ್ನಲ್ಲ, ನೂಲುಗಳನ್ನು ಬೆಸೆದಿರುವ ಪೆಡಸಾದ ಅಂಟಾದ ರೆಸಿನ್ ಅನ್ನು. ಅದು ಕಂಪನಕ್ಕೆ ಪುಡಿಯಾಗುತ್ತದೆ, ರಂಧ್ರ ಅಗಲವಾಗುತ್ತದೆ. ಈ ಏರ್ಪಾಟನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ. ಇದನ್ನೇ ಮಾಡಲೇಬೇಕಾಗಿ ಬಂದರೆ ಸ್ಕ್ರೂ ಬಿಟ್ಟು, ಹಿಂದೆ ಅಗಲವಾದ ವಾಷರ್ ಕೊಟ್ಟು, ಬೋಲ್ಟಿಗಿಂತ ತುಸು ದೊಡ್ಡ ರಂಧ್ರದಲ್ಲಿ ಬೋಲ್ಟ್ ಹಾಕುವುದು ಕನಿಷ್ಠ ಎಚ್ಚರಿಕೆ.

ಎರಡನೆಯ ಏರ್ಪಾಟಿನಲ್ಲಿ ಬಾಡಿಯ ಒಳಮೈಗೆ 9 ಮಿಲಿಮೀಟರ್ ದಪ್ಪದ, ನೀರಿಗೆ ಜಗ್ಗದ ಪ್ಲೈವುಡ್‌ನ ಬಳೆಯೊಂದನ್ನು ರೆಸಿನ್ ಮತ್ತು ಗಾಜಿನ ನೂಲಿನ ಹಾಸಾದ ಮ್ಯಾಟ್‌ನಿಂದ ಬೆಸೆದೆ. ಮೊದಲು ಅಲ್ಯೂಮಿನಿಯಂ ಬಳೆ ಮಾಡುವ ಆಸೆಯಿತ್ತು. ಆದರೆ ಪಾಲಿಯೆಸ್ಟರ್ ರೆಸಿನ್ ಅಲ್ಯೂಮಿನಿಯಂ ಅನ್ನು ಗಟ್ಟಿಯಾಗಿ ಕಚ್ಚಿಕೊಳ್ಳುವುದಿಲ್ಲ, ಅದಕ್ಕೆ ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ನೇ ಬೇಕು. ಮರವಾದರೋ ರೆಸಿನ್ ಅನ್ನು ಕುಡಿದು ಒಂದಾಗುತ್ತದೆ. ಒಳಮೈಯನ್ನು ಒರಟು ಉಪ್ಪುಕಾಗದದಿಂದ ಹೊಳಪು ಹೋಗುವವರೆಗೂ ಉಜ್ಜಿ, ಅಸಿಟೋನ್‌ನಿಂದ ಒರೆಸಿ, ಬಳೆಯ ಅಂಚುಗಳನ್ನು ಇಳಿಜಾರಾಗಿ ಅರದಿಂದ ತಿದ್ದಿ, ಅದರ ಮೇಲೆ ಚದರ ಮೀಟರಿಗೆ 450 ಗ್ರಾಂ ತೂಕದ ಮ್ಯಾಟ್ ಅನ್ನು ಮೂರು ಪದರಗಳಲ್ಲಿ ಹಾಸಿದೆ.

ಇಲ್ಲಿ ನಾನು ಮಾಡಿದ ತಪ್ಪೊಂದನ್ನು ವಿವರವಾಗಿ ಹೇಳಲೇಬೇಕು. ಎಡಬದಿಯಲ್ಲಿ ಮೂರು ಪದರಗಳನ್ನೂ ಒಂದೇ ಸಲಕ್ಕೆ ಹಾಸಿದೆ. ರೆಸಿನ್ ಗಟ್ಟಿಯಾಗುವಾಗ ಬಿಸಿಯೇರಿ ಕುಗ್ಗುತ್ತದೆ, ದಪ್ಪನಾಗಿ ಹಾಕಿದಷ್ಟೂ ಬಿಸಿಯೂ ಕುಗ್ಗುವಿಕೆಯೂ ಹೆಚ್ಚು. ಎರಡು ದಿನ ಬಿಟ್ಟು ಕಾರನ್ನು ಬಿಸಿಲಿಗೆ ತಂದು ಓರೆಯಾಗಿ ನೋಡಿದರೆ, ಒಳಗಿನ ಬಳೆಯ ವೃತ್ತಾಕಾರ ಹೊರಗಿನ ಹೊಳಪಿನ ಮೇಲೆ ಅಚ್ಚೊತ್ತಿದಂತೆ ಮೂಡಿತ್ತು. ಬೆರಳಿಗೆ ಸಿಗದಷ್ಟು ಸೂಕ್ಷ್ಮವಾದ ಆ ತಗ್ಗನ್ನು ಬಣ್ಣ ಬಳಿದು ಮರೆಮಾಡಲಾಗುವುದಿಲ್ಲ, ಹೊಳಪು ಹೆಚ್ಚಿದಷ್ಟೂ ಅದು ಎದ್ದು ಕಾಣುತ್ತದೆ. ಕೊನೆಗೆ ಫಿಲ್ಲರ್ ಹಾಕಿ ಆ ಭಾಗವನ್ನೆಲ್ಲ ಉಜ್ಜಿ ಸಮ ಮಾಡಬೇಕಾಯಿತು. ಬಲಬದಿಯಲ್ಲಿ ದಿನಕ್ಕೊಂದು ಪದರದಂತೆ ಹಾಸಿದೆ. ಅಲ್ಲಿ ಯಾವ ಗುರುತೂ ಮೂಡಲಿಲ್ಲ.

ಫಲಿತಾಂಶ ಮಾತ್ರ ಆ ಶ್ರಮಕ್ಕೆ ತಕ್ಕುದಾಗಿತ್ತು. ಅದೇ ಒತ್ತಡಕ್ಕೆ ಗೋಡೆಯ ಮೇಲಿನ ಗೆರೆ ಸರಿದದ್ದು 30 ಮಿಲಿಮೀಟರ್, ಮತ್ತು ಕೈ ತೆಗೆದೊಡನೆ ಸ್ವಸ್ಥಾನಕ್ಕೆ ಮರಳಿತು. ಬೋಲ್ಟುಗಳು ಈಗ ಬಿಗಿಯುವುದು ಮರದ ಬಳೆಯನ್ನು. ತೆಳುವಾದ ಹಾಳೆಯ ಒಂದೇ ಬಿಂದುವಿನ ಮೇಲೆ ಭಾರ ಬೀಳುವುದು ತಪ್ಪಿತು.

ಮೂರನೆಯ ಏರ್ಪಾಟು ದೀಪವನ್ನು ಬಾಡಿಯಿಂದ ಪೂರ್ತಿ ಬಿಡಿಸಿ, ಚಾಸಿಯಿಂದ ಮುಂದಕ್ಕೆ ಚಾಚಿದ ಉಕ್ಕಿನ ಬ್ರಾಕೆಟ್ ಮೇಲೆ ನಿಲ್ಲಿಸುವುದು. ಸ್ಥಿರತೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಗೆರೆ 10 ಮಿಲಿಮೀಟರ್ ಕೂಡ ಕದಲಲಿಲ್ಲ. ಆದರೆ ಚಾಸಿ ಒಂದು ರೀತಿ, ಬಾಡಿ ಇನ್ನೊಂದು ರೀತಿ ಅಲುಗುವುದರಿಂದ ದೀಪದ ಸುತ್ತ 5 ಮಿಲಿಮೀಟರಿನಷ್ಟಾದರೂ ತೆರಪು ಬಿಡಬೇಕು, ಆ ತೆರಪನ್ನು ಮೆತ್ತನೆಯ ರಬ್ಬರಿನಿಂದ ಮುಚ್ಚಬೇಕು. ಬಟ್ಟಲಿನ ಅಂಚು ಬಾಡಿಗೆ ಅಂಟಿ ಕೂರಬೇಕಾದ ದುಂಡು ದೀಪದಲ್ಲಿ ಇದು ಅಂದಗೆಡಿಸುತ್ತದೆ. ಪಾರದರ್ಶಕ ಮುಚ್ಚಳದ ಹಿಂದೆ ಅಡಗಿರುವ ಪ್ರೊಜೆಕ್ಟರಿಗೆ ಮಾತ್ರ ಇದೇ ಸರಿಯಾದ ದಾರಿ.

ಯಾವ ಏರ್ಪಾಟಾದರೂ ರಂಧ್ರ ಕೊರೆಯುವ ಕೆಲಸ ತಪ್ಪಿದ್ದಲ್ಲ. ಅಚ್ಚಿನ ಗುಂಡಿಗಳನ್ನು ನಂಬಿ ಕೇಂದ್ರ ಗುರುತಿಸಬಾರದು. ನನ್ನ ಬಾಡಿಯಲ್ಲಿ ಎಡ ಗುಂಡಿ ಬಲಕ್ಕಿಂತ 7 ಮಿಲಿಮೀಟರ್ ಮೇಲಿತ್ತು. ಚಾಸಿಯ ನಡುಗೆರೆಯಿಂದ ತೂಗುಗುಂಡು ಇಳಿಬಿಟ್ಟು, ರಸಮಟ್ಟ ಹಿಡಿದು ಅಳೆದಾಗಲೇ ಅದು ಗೊತ್ತಾದದ್ದು. ಮೇಲ್ಮೈಗೆ ಎರಡು ಸುತ್ತು ಟೇಪ್ ಅಂಟಿಸಿ, ದುಂಡು ರಂಧ್ರ ಕೊರೆಯುವ ಗರಗಸವಾದ ಹೋಲ್ ಸಾ ಅನ್ನು ಮೊದಲು ಹಿಮ್ಮುಖವಾಗಿ ತಿರುಗಿಸಿ ಜೆಲ್‌ಕೋಟ್ ಅನ್ನು ಗೀರಿ, ಆಮೇಲೆ ಮುಮ್ಮುಖವಾಗಿ ನಿಧಾನಕ್ಕೆ ಕೊರೆದರೆ ಅಂಚು ಚಕ್ಕೆ ಏಳುವುದಿಲ್ಲ. ಅಂತಿಮ ಅಳತೆಗೆ ಅರ್ಧಗೋಲದ ಅರವನ್ನು ಹೊರಗಿನಿಂದ ಒಳಕ್ಕೆ ಮಾತ್ರ ತಳ್ಳಬೇಕು. ಹಿಂದಕ್ಕೆ ಎಳೆಯುವಾಗ ಅರ ಅಂಚಿಗೆ ತಗುಲಿದರೆ ಹಾಲುಬಿಳುಪಿನ ಚಕ್ಕೆಯೊಂದು ಸಿಡಿದು ಬಿಡುತ್ತದೆ. ಕೊರೆದ ಅಂಚಿಗೆ ರೆಸಿನ್ ಸವರಿದರೆ ಗಾಜಿನ ನೂಲುಗಳ ಮೂಲಕ ನೀರು ಒಳಸೇರುವುದಿಲ್ಲ. ಮುಖವಾಡವಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಆ ದೂಳು ಶ್ವಾಸಕೋಶಕ್ಕೆ ಹೋಗಬಾರದು.

ಇನ್ನು ದೀಪಗಳ ಮಾತು. 7 ಇಂಚಿನ ದುಂಡು ಗಾಜಿನ ಹಿಂದೆ ಎಚ್4 ಬಲ್ಬು, ಇದು ಮೊದಲನೆಯದು. 1971ರಲ್ಲಿ ಬಳಕೆಗೆ ಬಂದ ಈ ಬಲ್ಬಿನಲ್ಲಿ 60 ವ್ಯಾಟ್‌ನ ಹೈ ಬೀಮ್ ತಂತುವೂ 55 ವ್ಯಾಟ್‌ನ ಲೋ ಬೀಮ್ ತಂತುವೂ ಒಂದೇ ಗಾಜಿನೊಳಗಿವೆ. ಲೋ ಬೀಮ್ ತಂತುವಿನ ಅಡಿಯಲ್ಲಿರುವ ಪುಟ್ಟ ಲೋಹದ ತಟ್ಟೆ ಬೆಳಕನ್ನು ರಿಫ್ಲೆಕ್ಟರಿನ ಮೇಲಿನ ಅರ್ಧಕ್ಕಷ್ಟೇ ಬಿಡುವುದರಿಂದ ಗೆರೆ ಸ್ಪಷ್ಟವಾಗಿ ಮೂಡುತ್ತದೆ. ಇದರ ಬೆಳಕು ಮಂಕು ಎಂದು ದೂರುವವರ ಕಾರಿನಲ್ಲಿ ಹೆಚ್ಚಾಗಿ ಮಂಕಾಗಿರುವುದು ವೈರಿಂಗ್. ಹ್ಯಾಲೊಜನ್‌ನಲ್ಲಿ ವೋಲ್ಟೇಜ್ ಹತ್ತು ಶೇಕಡಾ ಇಳಿದರೆ ಬೆಳಕು ಸುಮಾರು ಮೂವತ್ತು ಶೇಕಡಾ ಇಳಿಯುತ್ತದೆ. ಎರಡೂ ಹೈ ಬೀಮ್‌ಗಳು ಸೇರಿ ಎಳೆಯುವ 10 ಆಂಪಿಯರ್ ವಿದ್ಯುತ್ತನ್ನು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕ ಹಾಯಿಸುವ ಬದಲು, ಬ್ಯಾಟರಿಯಿಂದ ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹಾಯಿಸುವ ಸ್ವಿಚ್ಚು) ಮೂಲಕ 2.5 ಚದರ ಮಿಲಿಮೀಟರಿನ ವೈರಿನಲ್ಲಿ ತಂದು, ಎಡಬಲಗಳಿಗೆ ಬೇರೆ ಬೇರೆ ಫ್ಯೂಸ್ ಕೊಟ್ಟ ದಿನ ನನ್ನ ಅದೇ ಹಳೆಯ ಬಲ್ಬುಗಳು ಹೊಸದರಂತೆ ಬೆಳಗಿದವು.

ವಿದ್ಯುತ್ತನ್ನು ಬ್ಯಾಟರಿಗೆ ಹಿಂದಿರುಗಿಸುವ ಅರ್ಥ್ ವೈರನ್ನು ಪ್ರತಿ ದೀಪದಿಂದ ಚಾಸಿಗೋ ಬ್ಯಾಟರಿಗೋ ಪ್ರತ್ಯೇಕವಾಗಿ ಎಳೆಯಬೇಕು, ಬಾಡಿ ಈ ಕೆಲಸ ಮಾಡಿಕೊಡುವುದಿಲ್ಲ. ನನ್ನ ಕಾರಿನಲ್ಲಿ ಬಲಬದಿಯ ಅರ್ಥ್ ಸಡಿಲವಾದಾಗ ಲೋ ಬೀಮ್ ಹಾಕಿದರೂ ಡ್ಯಾಶ್‌ಬೋರ್ಡಿನಲ್ಲಿ ಹೈ ಬೀಮ್‌ನ ನೀಲಿ ದೀಪ ಮಿಣುಕುತ್ತಿತ್ತು. ಚಾಸಿಗೆ ದಾರಿ ಸಿಗದ ವಿದ್ಯುತ್ತು ಅದೇ ಬಲ್ಬಿನ ಹೈ ಬೀಮ್ ತಂತುವಿನ ಮೂಲಕ ಹಿಂದಕ್ಕೆ ಹರಿಯುತ್ತಿತ್ತು. ಈ ಲಕ್ಷಣ ಕಂಡರೆ ಬೇರೇನನ್ನೂ ಬಿಚ್ಚುವ ಮೊದಲು ಅರ್ಥ್ ನೋಡಬೇಕು.

ಎರಡನೆಯದಾಗಿ ಅದೇ ಬಟ್ಟಲಿಗೆ 7 ಇಂಚಿನ ಇಡಿಯ ಎಲ್‌ಇಡಿ ದೀಪ ಹಾಕಿದೆ. ಹ್ಯಾಲೊಜನ್ ರಿಫ್ಲೆಕ್ಟರಿಗೆ ಎಲ್‌ಇಡಿ ಬಲ್ಬು ಸಿಕ್ಕಿಸುವುದು ಬೇರೆಯೇ ಮಾತು; ಅದನ್ನು ಒಂದು ರಾತ್ರಿ ನೋಡಿ ತೆಗೆದೆ. ತಂತು ಇರಬೇಕಾದ ಜಾಗದಲ್ಲಿ ತಂತುವಿನ ಆಕಾರದ ಬೆಳಕಿಲ್ಲದೆ ಗೆರೆ ಕದಡಿಹೋಗಿತ್ತು, ಎದುರಿನವರ ಕಣ್ಣಿಗೆ ಅದು ಅನ್ಯಾಯ. ಎಲ್‌ಇಡಿಗಾಗಿಯೇ ರೂಪಿಸಿದ ದೀಪದ ಬೆಳಕು ನಿಜಕ್ಕೂ ಉತ್ತಮವಾಗಿತ್ತು: ಬಿಳುಪಾಗಿ, ರಸ್ತೆಯ ಅಂಚಿನವರೆಗೂ ಹರಡಿ, ಕಡಿಮೆ ವಿದ್ಯುತ್ತಿನಲ್ಲಿ. ಕಷ್ಟ ಇದ್ದದ್ದು ಹಿಂಬದಿಯಲ್ಲಿ. ಅಲ್ಯೂಮಿನಿಯಂ ರೆಕ್ಕೆಗಳಿಂದಾಗಿ ಅದು ಗಾಜಿನ ದೀಪಕ್ಕಿಂತ ಭಾರ ಮತ್ತು ಆಳ ಎರಡರಲ್ಲೂ ಹೆಚ್ಚು. ಮೊದಲನೆಯ ಏರ್ಪಾಟಿನಲ್ಲಿ ಇದನ್ನು ಕೂರಿಸುವ ಯೋಚನೆಯನ್ನೂ ಮಾಡಬಾರದು. ಎಲ್‌ಇಡಿಯ ಬಿಸಿ ಹೊರಡುವುದು ಹಿಂದಿನಿಂದ, ನನ್ನ ಬಟ್ಟಲಿನ ಹಿಂದಾದರೋ ಫೈಬರ್‌ಗ್ಲಾಸಿನ ಮುಚ್ಚಿದ ಗೂಡು. ನಿಂತು ನಿಂತು ಸಾಗುವ ನಿಧಾನದ ಪಯಣದಲ್ಲಿ ಅರ್ಧ ಗಂಟೆಯ ಬಳಿಕ ದೀಪ ತನ್ನನ್ನು ತಾನು ಕಾಪಾಡಿಕೊಳ್ಳಲು ಬೆಳಕು ತಗ್ಗಿಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಚಕ್ರದ ಕಡೆಯ ಗೋಡೆಯಲ್ಲಿ ಕೆಳಗೊಂದು ಮೇಲೊಂದು ಗಾಳಿಕಿಂಡಿ ಮಾಡಿದ ಮೇಲೆ ಅದು ನಿಂತಿತು, ಆದರೆ ಕಿಂಡಿಯಿಂದ ಕೆಸರು ಒಳಬರತೊಡಗಿತು. ಗಾಜು ಬಿಸಿಯಾಗದ ಕಾರಣ ಚಳಿಯ ಮುಂಜಾನೆ ಅದರ ಮೇಲೆ ಕೂತ ಮಂಜುಹನಿ ತಾನಾಗಿ ಆರುವುದೂ ಇಲ್ಲ.

ಮೂರನೆಯದು 90 ಮಿಲಿಮೀಟರ್ ವ್ಯಾಸದ ಪ್ರೊಜೆಕ್ಟರ್ ಜೋಡಿ, ಮೂಗಿನ ಇಳಿಜಾರಿಗೆ ಹೊಂದುವ ಪಾರದರ್ಶಕ ಮುಚ್ಚಳದ ಹಿಂದೆ. ಗೆರೆ ಚಾಕುವಿನಿಂದ ಕತ್ತರಿಸಿದಷ್ಟು ಹರಿತ. ಆದರೆ ಮುಚ್ಚಳ ಹೆಚ್ಚು ಓರೆಯಾದಷ್ಟೂ ಬೆಳಕು ಅದರ ಒಳಮೈಗೆ ಬಡಿದು ವ್ಯರ್ಥವಾಗುತ್ತದೆ. ಅಕ್ರಿಲಿಕ್ ಹಾಳೆ ತಿಳಿಯಾಗಿ ಉಳಿಯುತ್ತದೆ, ರಂಧ್ರ ಕೊರೆಯುವಾಗ ಸೀಳುತ್ತದೆ. ಪಾಲಿಕಾರ್ಬನೇಟ್ ಸೀಳುವುದಿಲ್ಲ, ಲೇಪನವಿಲ್ಲದಿದ್ದರೆ ಬಿಸಿಲಿಗೆ ಹಳದಿಯಾಗುತ್ತದೆ. ಎತ್ತರದ ನಿಯಮ ಕಾಡುವುದೂ ಇಲ್ಲಿಯೇ. ಅನೇಕ ದೇಶಗಳು ಅನುಸರಿಸುವ ವಿಶ್ವಸಂಸ್ಥೆಯ 48ನೇ ನಿಯಮಾವಳಿಯ ಪ್ರಕಾರ ಲೋ ಬೀಮ್ ದೀಪದ ಕೆಳಂಚು ನೆಲದಿಂದ 500 ಮಿಲಿಮೀಟರಿಗಿಂತ ಕೆಳಗಿರಬಾರದು, ಮೇಲಂಚು 1200 ಮೀರಬಾರದು, ಹೊರ ಅಂಚು ವಾಹನದ ಪಕ್ಕದಿಂದ 400 ಮಿಲಿಮೀಟರಿಗಿಂತ ಒಳಗೆ ಸರಿಯಬಾರದು. ತಗ್ಗಾದ ಮೂಗಿನಲ್ಲಿ ನನಗೆ ಉಳಿದದ್ದು ಬರೀ 15 ಮಿಲಿಮೀಟರ್. ರಂಧ್ರ ಕೊರೆಯುವ ಮೊದಲೇ, ನಿಜವಾದ ಚಕ್ರ ಮತ್ತು ಟೈರುಗಳನ್ನು ಹಾಕಿ ಕಾರು ನೆಲದ ಮೇಲೆ ಕೂತಾಗಲೇ, ಇದನ್ನು ಅಳೆಯಬೇಕು.

ಇಷ್ಟೆಲ್ಲ ಆದ ಮೇಲೆ ನನ್ನ ಕಾರಿನಲ್ಲಿ ಈಗ ಇರುವುದು ಮರದ ಬಳೆ, ಗಾಜಿನ ದೀಪ, ಎಚ್4 ಬಲ್ಬು ಮತ್ತು ರಿಲೇ. ಬಟ್ಟಲಿನ ಹಿಂದೆ ಗಾಳಿ ಚೆನ್ನಾಗಿ ಆಡುವ, ಎಂಜಿನ್ ಕೋಣೆಗೆ ತೆರೆದುಕೊಂಡ ಬಾಡಿಯಾಗಿದ್ದರೆ ಅದೇ ಬಳೆಯ ಮೇಲೆ ಎಲ್‌ಇಡಿಯನ್ನೇ ಇಡುತ್ತಿದ್ದೆ. ಮೂಗು ಇಳಿಜಾರಾಗಿದ್ದು ಎತ್ತರಕ್ಕೆ ಅವಕಾಶವಿದ್ದರೆ ಚಾಸಿಯ ಬ್ರಾಕೆಟ್ ಮತ್ತು ಪ್ರೊಜೆಕ್ಟರ್. ಒಂದು ವರ್ಷದ ಓಡಾಟದ ನಂತರ ಕಾರನ್ನು ಮತ್ತೆ ಅದೇ ಗೋಡೆಯೆದುರು ನಿಲ್ಲಿಸಿದಾಗ ಎಡಬದಿಯ ಗೆರೆ ಟೇಪಿನ ಮೇಲೆಯೇ ಇತ್ತು. ಬಲಬದಿಯದು ಒಂದು ಬೆರಳಿನಷ್ಟು ಇಳಿದಿತ್ತು. ಬಿಚ್ಚಿ ನೋಡಿದರೆ ಬಳೆಯೂ ಬೋಲ್ಟುಗಳೂ ಬಿಗಿಯಾಗಿದ್ದವು, ಹೊಂದಿಸುವ ಸ್ಕ್ರೂ ಕೂರುವ ಪ್ಲಾಸ್ಟಿಕ್ ನಟ್ ಸವೆದಿತ್ತು. ಅದನ್ನು ಬದಲಿಸಿ ಗೆರೆಯನ್ನು ಮತ್ತೆ 550ಕ್ಕೆ ತಂದಿದ್ದೇನೆ.