ಒಂದೇ ಮಾಡೆಲ್ ಎಂದು ನಂಬಿ ಎರಡನೆಯ ಮೆಟಲ್ ಡಿಟೆಕ್ಟರ್ ಕೊಳ್ಳಬೇಡಿ

ಖಾರದ ಪುಡಿ, ಅರಿಸಿನ, ಸಾಂಬಾರ್ ಪುಡಿ, ಹಿಟ್ಟು, ರವೆ ಹೀಗೆ ಏನನ್ನಾದರೂ ಬೀಸಿ ಪ್ಯಾಕ್ ಮಾಡುವ ಘಟಕ ನಡೆಸುತ್ತಿರುವವರು, ಅದರಲ್ಲೂ ಪ್ಯಾಕ್‌ನೊಳಗೆ ಸೇರಿದ ಲೋಹವನ್ನು ಹಿಡಿಯುವ ಮೆಟಲ್ ಡಿಟೆಕ್ಟರ್ ಅನ್ನು ಎರಡನೆಯದಾಗಿ ಕೊಳ್ಳುವ ಯೋಚನೆಯಲ್ಲಿರುವವರು, ಮುಂಗಡ ಕೊಡುವ ಮೊದಲು ಇದನ್ನು ದಯವಿಟ್ಟು ಓದಿ. ನಮ್ಮದು ಬ್ಯಾಡಗಿಯ ಖಾರದ ಪುಡಿ ಘಟಕ. ಗುಣಮಟ್ಟದ ಹೊಣೆ ನನ್ನದು. ಒಂದೇ ಕಂಪನಿಯ, ಒಂದೇ ಮಾಡೆಲ್‌ನ ಎರಡು ಯಂತ್ರಗಳನ್ನು ಒಬ್ಬರೇ ಡೀಲರ್‌ನಿಂದ ತಂದೆವು. ಒಂದು ಹಿಡಿದ ಲೋಹವನ್ನು ಇನ್ನೊಂದು ಹಿಡಿಯಲಿಲ್ಲ. ಕಂಪನಿಯ ಹೆಸರನ್ನಾಗಲಿ ಡೀಲರ್ ಹೆಸರನ್ನಾಗಲಿ ಬರೆಯುವುದಿಲ್ಲ. ಯಾವ ಕಂಪನಿಯ ಯಂತ್ರ ತಂದರೂ ಇದೇ ಗತಿ ಬರಬಹುದು ಎಂಬುದನ್ನು ನೀವು ತಿಳಿಯಬೇಕು.

ಮೆಣಸಿನಕಾಯಿಯ ಜೊತೆ ಲೋಹ ಬರುವುದು ಅಪರೂಪವಲ್ಲ. ಗೋಣಿಚೀಲ ಹೊಲಿದ ದಬ್ಬಣದ ತುದಿ, ಸ್ಟೇಪಲ್ ಪಿನ್, ತಂತಿಯ ತುಂಡು ಎಲ್ಲವನ್ನೂ ಕಂಡಿದ್ದೇವೆ. ಇವು ಬಹುಪಾಲು ಕಬ್ಬಿಣ, ಬೀಸುವ ಯಂತ್ರವಾದ ಪಲ್ವರೈಜರ್‌ನ ಹಿಂದೆ ಮುಂದೆ ಕೂರಿಸಿದ ಆಯಸ್ಕಾಂತಗಳೇ ಹಿಡಿದುಕೊಳ್ಳುತ್ತವೆ. ನನಗೆ ನಿಜವಾದ ಭಯವಿರುವುದು ನಮ್ಮದೇ ಯಂತ್ರಗಳಿಂದ ಉದುರುವ ಸ್ಟೇನ್‌ಲೆಸ್ ಸ್ಟೀಲ್ ಬಗ್ಗೆ. ಜರಡಿಯ ಬಲೆ ಸವೆಯುತ್ತದೆ, ಅಂಚಿನಲ್ಲಿ ಹರಿಯುತ್ತದೆ. 304, 316 ದರ್ಜೆಯ ಸ್ಟೀಲ್ ಆಯಸ್ಕಾಂತಕ್ಕೆ ಹೆಚ್ಚುಕಡಿಮೆ ಸಿಗುವುದೇ ಇಲ್ಲ. ವಿದ್ಯುತ್ತನ್ನು ಹರಿಯಗೊಡುವುದರಲ್ಲೂ ಅದು ಹಿಂದೆ. ಆದ್ದರಿಂದ ಡಿಟೆಕ್ಟರ್‌ಗೂ ಅದೇ ಅತಿ ಕಷ್ಟದ ಲೋಹ. 1.5 ಮಿ.ಮೀ. ಕಬ್ಬಿಣದ ಗುಂಡನ್ನು ಹಿಡಿಯುವ ಯಂತ್ರಕ್ಕೆ ಸ್ಟೀಲ್ ಗುಂಡು ಕಾಣಬೇಕಾದರೆ ಅದು 2.5 ಮಿ.ಮೀ. ಇರಬೇಕಾಗುತ್ತದೆ. ನಮ್ಮ ಮೊದಲ ಯಂತ್ರ ಅಷ್ಟನ್ನು ತಪ್ಪದೆ ಹಿಡಿಯುತ್ತಿತ್ತು. ಹೋಟೆಲು, ಅಡುಗೆ ಗುತ್ತಿಗೆದಾರರಿಗಾಗಿ ಒಂದು ಕೆ.ಜಿ. ಪ್ಯಾಕ್‌ನ ಹೊಸ ಸಾಲು ಹಾಕಿದಾಗ ಅದೇ ಮಾಡೆಲ್ ಬೇಕೆಂದು ಕೇಳಿದ್ದು ಆ ನಂಬಿಕೆಯಿಂದಲೇ.

ಯಂತ್ರ ಬಂತು, ಡೀಲರ್ ಕಡೆಯ ಸರ್ವೀಸ್ ಇಂಜಿನಿಯರ್ ಬಂದರು. ಹಳೆಯ ಯಂತ್ರದ ಪರದೆಯ ಫೋಟೊವನ್ನು ಮೊಬೈಲ್‌ನಲ್ಲಿ ತೆಗೆದುಕೊಂಡು, ಅದರಲ್ಲಿದ್ದ ಅಂಕಿಗಳನ್ನು ಒಂದೊಂದಾಗಿ ಹೊಸದಕ್ಕೆ ತುಂಬಿದರು. ಖಾಲಿ ಬೆಲ್ಟ್ ಮೇಲೆ, ಅಂಚಿಗೆ ಒತ್ತಿದಂತೆ, ಟೆಸ್ಟ್ ಪೀಸ್ (ಪರೀಕ್ಷೆಗೆಂದೇ ಇರುವ, ಗೊತ್ತಾದ ಗಾತ್ರದ ಲೋಹದ ಗುಂಡು) ಇಟ್ಟರು. ಗಂಟೆ ಬಾರಿಸಿತು, ಬೆಲ್ಟ್ ನಿಂತಿತು, ವರದಿಗೆ ಸಹಿ ಬಿತ್ತು. ಪಕ್ಕದ ಪಲ್ವರೈಜರ್ ಚಾಲೂ ಆದ ಮೇಲೆ ಹೊಸ ಯಂತ್ರ ಒಳ್ಳೆಯ ಪ್ಯಾಕ್‌ಗಳನ್ನೂ ತಳ್ಳತೊಡಗಿತು. ದೂರು ಕೊಟ್ಟೆವು. ಅವರು ಮತ್ತೆ ಬಂದರು, ಪರದೆಯಲ್ಲಿ ಏನೋ ಬದಲಿಸಿದರು. "ಈಗ ಸರಿಯಾಯಿತು ಸರ್" ಎಂದರು. ಸುಳ್ಳು ಎಚ್ಚರಿಕೆಗಳು ನಿಂತುಹೋದವು. ಏನು ಬದಲಿಸಿದ್ದಾರೆಂದು ವರದಿಯಲ್ಲಿ ಒಂದು ಸಾಲೂ ಇರಲಿಲ್ಲ. ಸೂಕ್ಷ್ಮತೆಯನ್ನೇ ಇಳಿಸಿ ಯಂತ್ರದ ಬಾಯಿ ಮುಚ್ಚಿಸಿದ್ದರು. ಇದು ನಮಗೆ ಗೊತ್ತಾದದ್ದು ಬಹಳ ತಡವಾಗಿ, ಬೇರೆ ಕಡೆಯ ಇಂಜಿನಿಯರ್ ಒಬ್ಬರು ಯಂತ್ರದ ನೆನಪಿನಲ್ಲಿದ್ದ ಹಳೆಯ ಅಂಕಿಗಳನ್ನು ತೆಗೆದು ತೋರಿಸಿದಾಗ.

ಅಷ್ಟರಲ್ಲಿ ಮಂಗಳೂರಿನ ಕಡೆಯ ಖರೀದಿದಾರರೊಬ್ಬರಿಂದ ಫೋನ್ ಬಂತು. ಅವರ ಅಡುಗೆಯವರು ಪುಡಿಯನ್ನು ಇನ್ನೊಮ್ಮೆ ಜರಡಿ ಹಿಡಿದೇ ಬಳಸುವವರು. ಜರಡಿಯಲ್ಲಿ ಉಳಿದದ್ದು ಸ್ಟೀಲ್ ಬಲೆಯ ಹರಿದ ಚೂರು. ಕೊರಿಯರ್‌ನಲ್ಲಿ ಕಳಿಸಿಕೊಟ್ಟರು. ಕಿರುಬೆರಳಿನ ಉಗುರಿಗಿಂತ ಚಿಕ್ಕದು, ಒಂದು ಬದಿಯಲ್ಲಿ ಎಳೆಗಳು ಬಿಚ್ಚಿಕೊಂಡು ಚೂಪಾಗಿ ಚಾಚಿದ್ದವು, ಸಂದುಗಳಲ್ಲಿ ಕೆಂಪು ಪುಡಿ ಕೂತಿತ್ತು. ಆ ಅಡುಗೆಯವರ ಅಭ್ಯಾಸ ಎಷ್ಟು ಜನರ ಗಂಟಲನ್ನು ಕಾಪಾಡಿತೋ ಎಂದು ಇವತ್ತಿಗೂ ಯೋಚಿಸುತ್ತೇನೆ.

ಅದೇ ಚೂರನ್ನು ಒಂದು ಕೆ.ಜಿ. ಪ್ಯಾಕ್‌ನ ನಟ್ಟನಡುವೆ ಇಟ್ಟು ಸೀಲ್ ಮಾಡಿ ಹಳೆಯ ಯಂತ್ರದಲ್ಲಿ ಬಿಟ್ಟೆವು. ಹೇಗೆ ತಿರುಗಿಸಿ ಇಟ್ಟರೂ ಹೊರಗೆ ತಳ್ಳಿತು. ಹೊಸದರಲ್ಲಿ ಬಿಟ್ಟೆವು. ಪ್ಯಾಕ್ ಸುಮ್ಮನೆ ಆಚೆ ಬಂತು. ಅಡ್ಡಡ್ಡ ತಿರುಗಿಸಿದಾಗ ಒಮ್ಮೆ ಹಿಡಿಯಿತು, ಮತ್ತೆ ನೇರ ಇಟ್ಟರೆ ಬಿಟ್ಟಿತು. 2.5 ಮಿ.ಮೀ. ಸ್ಟೀಲ್ ಟೆಸ್ಟ್ ಪೀಸ್ ಅನ್ನು ಪುಡಿಯ ಮಧ್ಯೆ ಇಟ್ಟು ಕಳಿಸಿದಾಗಲೂ ಅದೇ ಕಥೆ. ಅಲ್ಲಿ ನಿಂತಿದ್ದ ಪ್ಯಾಕಿಂಗ್ ವಿಭಾಗದ ಹೆಣ್ಣುಮಗಳೊಬ್ಬಳು "ಅಣ್ಣಾ, ಹಾಗಾದರೆ ಇಷ್ಟು ದಿನ ಹೋದದ್ದೆಲ್ಲ?" ಎಂದಳು. ಆ ಸಾಲಿನಲ್ಲಿ ಪ್ಯಾಕ್ ಆಗಿ ಗೋದಾಮಿನಲ್ಲಿದ್ದ ಮಾಲನ್ನೆಲ್ಲ ತಡೆಹಿಡಿದೆವು, ಹೊರಗೆ ಹೋಗಿದ್ದನ್ನು ವಾಪಸು ಕರೆಸಿದೆವು, ಎಲ್ಲವನ್ನೂ ಹಳೆಯ ಯಂತ್ರದಲ್ಲಿ ಮತ್ತೆ ಹಾಯಿಸಿದೆವು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 54ನೇ ಕಲಮಿನ ಪ್ರಕಾರ ಆಹಾರದಲ್ಲಿ ಹೊರಗಿನ ವಸ್ತು ಸಿಕ್ಕರೆ ಒಂದು ಲಕ್ಷ ರೂಪಾಯಿವರೆಗೆ ದಂಡ. ದಂಡವನ್ನು ಹೇಗೋ ಕಟ್ಟಬಹುದು. ತಿಂದವರಿಗೆ ಆಗುವುದಕ್ಕೆ ಬೆಲೆ ಕಟ್ಟುವವರು ಯಾರು?

ಡೀಲರ್‌ಗೆ ಫೋನ್ ಮಾಡಿದರೆ ಬಂದ ಉತ್ತರ ಒಂದೇ: "ಎರಡೂ ಒಂದೇ ಮಾಡೆಲ್ ಸರ್, ವ್ಯತ್ಯಾಸ ಬರಲು ಸಾಧ್ಯವೇ ಇಲ್ಲ. ನೀವು ಪರೀಕ್ಷೆ ಮಾಡುವ ರೀತಿ ಸರಿಯಿಲ್ಲ." ಈ ಮಾತು ಏಕೆ ನಿಲ್ಲುವುದಿಲ್ಲ ಎಂದು ಅರಿಯಲು ಯಂತ್ರದ ಒಳಗೆ ಏನಿದೆ ಎಂದು ತಿಳಿದಿರಬೇಕು. ಬೆಲ್ಟ್ ಹಾದುಹೋಗುವ ಚೌಕಟ್ಟಿನ ಸುತ್ತ ಮೂರು ಸುರುಳಿಗಳಿರುತ್ತವೆ. ನಡುವಿನದು ಅಧಿಕ ಆವರ್ತನದ ಕಾಂತಕ್ಷೇತ್ರವನ್ನು ಹೊಮ್ಮಿಸುತ್ತದೆ. ಅತ್ತ ಇತ್ತ ಸಮದೂರದಲ್ಲಿರುವ ಎರಡು ಸುರುಳಿಗಳು ಅದನ್ನು ಗ್ರಹಿಸುತ್ತವೆ. ಆ ಎರಡನ್ನೂ ಎದುರುಬದುರಾಗಿ ಜೋಡಿಸಿರುವುದರಿಂದ ಅವುಗಳ ಸಂಕೇತಗಳು ಒಂದನ್ನೊಂದು ಅಳಿಸಿ ಸೊನ್ನೆಯಾಗುತ್ತವೆ. ಅಕ್ಕಸಾಲಿಗನ ತಕ್ಕಡಿಯ ಮುಳ್ಳು ನಡುವೆ ನಿಂತ ಹಾಗೆ. ಲೋಹದ ಚೂರು ಬಂದಾಗ ಆ ಸಮತೋಲ ಅಷ್ಟಿಷ್ಟೇ ಕದಲುತ್ತದೆ, ಯಂತ್ರ ಓದುವುದು ಆ ಕದಲಿಕೆಯನ್ನು. ಈ ಸಮತೋಲವನ್ನು ಕಾರ್ಖಾನೆಯಲ್ಲಿ ಪ್ರತಿ ಯಂತ್ರಕ್ಕೂ ಬೇರೆಬೇರೆಯಾಗಿಯೇ ಕೂರಿಸಬೇಕು. ಲಾರಿಯಲ್ಲಿ ಬಿದ್ದ ಪೆಟ್ಟು, ಪಕ್ಕದ ಯಂತ್ರದ ನಡುಕ, ಬೇಸಗೆಯ ಕಾವು ಇವೆಲ್ಲ ಅದನ್ನು ಕದಲಿಸಬಲ್ಲವು. ಒಂದು ಯಂತ್ರದ ಅಂಕಿಗಳನ್ನು ಇನ್ನೊಂದಕ್ಕೆ ನಕಲು ಮಾಡುವುದು ಒಬ್ಬರ ಕನ್ನಡಕದ ಚೀಟಿಯಲ್ಲಿ ಎಲ್ಲರಿಗೂ ಕನ್ನಡಕ ಕೊಡುವಷ್ಟೇ ತಪ್ಪು ಎಂದು ನಾನು ಡೀಲರ್‌ಗೆ ಹೇಳಿದೆ, ಅವರಿಗೆ ಸಿಟ್ಟು ಬಂತು.

ನಮ್ಮಲ್ಲಿ ಇನ್ನೂ ದೊಡ್ಡ ಕಾರಣವಿತ್ತು. ಹಳೆಯ ಯಂತ್ರದಲ್ಲಿ ಪ್ಯಾಕ್ ಹಾದುಹೋಗುವ ಬಾಯಿಯ ಎತ್ತರ 150 ಮಿ.ಮೀ. ಹೊಸದರದ್ದು 250. ಮಾಡೆಲ್ ಸಂಖ್ಯೆ ಅದೇ, ಕೊನೆಯ ಅಂಕಿಗಳು ಮಾತ್ರ ಬೇರೆ. ಡೀಲರ್ ಬಳಿ ಸ್ಟಾಕ್‌ನಲ್ಲಿದ್ದದ್ದು ಅದು, ನಮಗೆ ಕಳಿಸಿದ್ದೂ ಅದನ್ನೇ. ಒಂದು ಕೆ.ಜಿ. ಪ್ಯಾಕ್ ಮಲಗಿಸಿದರೆ ಹಳೆಯ ಬಾಯಿಯಲ್ಲೇ ಆರಾಮವಾಗಿ ಹೋಗುತ್ತದೆ, ಅಷ್ಟು ಎತ್ತರದ ಅಗತ್ಯವೇ ಇರಲಿಲ್ಲ. ಬಾಯಿ ದೊಡ್ಡದಾದಷ್ಟೂ ಸೂಕ್ಷ್ಮತೆ ಕುಗ್ಗುತ್ತದೆ. ಬಾಯಿಯ ನಡುಭಾಗವೇ ಎಲ್ಲಕ್ಕಿಂತ ದುರ್ಬಲ ಜಾಗ, ಅಂಚಿನಲ್ಲಿ ಯಂತ್ರ ಚುರುಕು. ಟೆಸ್ಟ್ ಪೀಸ್ ಅನ್ನು ಅಂಚಿಗೆ ಇಟ್ಟು ತೋರಿಸಿದ್ದು ಏಕೆಂದು ನೀವೇ ಊಹಿಸಿಕೊಳ್ಳಿ.

ಸುಳ್ಳು ಎಚ್ಚರಿಕೆಯ ಮೂಲವೂ ಸಿಕ್ಕಿತು. ಪಲ್ವರೈಜರ್ ಮೋಟರಿನ ವೇಗ ಬದಲಿಸುವ ಡ್ರೈವ್‌ನ ಕೇಬಲ್ ಡಿಟೆಕ್ಟರ್‌ನ ಕೆಳಗೇ ಹಾದುಹೋಗಿತ್ತು, ಅದರ ವಿದ್ಯುತ್ ಗದ್ದಲ ಯಂತ್ರಕ್ಕೆ ತಟ್ಟುತ್ತಿತ್ತು. ಕನ್ವೇಯರ್ ಚೌಕಟ್ಟಿನ ಅಡ್ಡಪಟ್ಟಿಯ ಒಂದು ಬೋಲ್ಟ್ ಸಡಿಲವಿತ್ತು. ನಡುಕಕ್ಕೆ ಆ ಕೂಡಿಕೆ ತಾಗಿ ಬಿಟ್ಟು ಮಾಡಿದಾಗಲೆಲ್ಲ ಚೌಕಟ್ಟಿನಲ್ಲಿ ವಿದ್ಯುತ್ ಹರಿಯುವ ಸುತ್ತು ಕೂಡಿ ಮುರಿಯುತ್ತದೆ, ಯಂತ್ರ ಅದನ್ನು ಲೋಹವೆಂದು ತಿಳಿಯುತ್ತದೆ. ಡಿಟೆಕ್ಟರ್‌ನ ಸುತ್ತ ಬಾಯಿಯ ಎತ್ತರದ ಒಂದೂವರೆ ಪಟ್ಟು ದೂರದವರೆಗೆ ಸ್ಥಿರ ಲೋಹವಿರಬಾರದು, ಚಲಿಸುವ ಲೋಹವಾದರೆ ಎರಡು ಪಟ್ಟು ಎಂಬುದು ಈ ಕಸುಬಿನಲ್ಲಿ ಎಲ್ಲರೂ ಬಲ್ಲ ಲೆಕ್ಕ. ಕೇಬಲ್ ಸರಿಸಿ, ಬೋಲ್ಟ್ ತೆಗೆದು ಬೆಸುಗೆ ಹಾಕಿಸಿ, ನಮ್ಮದೇ ಪುಡಿಯ ಪ್ಯಾಕ್ ಹಾಯಿಸಿ, ಪುಡಿಯ ಸ್ವಂತ ಸಂಕೇತವನ್ನು ಗುರುತಿಸುವಂತೆ ಯಂತ್ರಕ್ಕೆ ಹೊಸದಾಗಿ ಕಲಿಸಿದ ಮೇಲೆ ಅದು ಎಷ್ಟೋ ಸುಧಾರಿಸಿತು. ಆದರೂ 2.5 ಮಿ.ಮೀ. ಸ್ಟೀಲ್ ಸಿಗಲಿಲ್ಲ, 3.5ಕ್ಕೆ ನಿಂತಿತು.

ಆಮೇಲೆ ಹೊಸ ಯಂತ್ರ ಬಂದಾಗ ಸಹಿ ಬಿದ್ದ ಆ ವರದಿಯನ್ನು ಮತ್ತೆ ತೆಗೆದು ನೋಡಿದೆ. ಪರೀಕ್ಷಿಸಿದ ಪದಾರ್ಥ ಎಂಬಲ್ಲಿ "200 ಗ್ರಾಂ ಪೌಚ್" ಎಂದಿದೆ. ಆ ಸಾಲಿನಲ್ಲಿ 200 ಗ್ರಾಂ ಪೌಚ್ ಒಂದೂ ಪ್ಯಾಕ್ ಆಗಿಲ್ಲ. ಹಳೆಯ ಯಂತ್ರದ ವರದಿಯಲ್ಲಿ ಸೀರಿಯಲ್ ನಂಬರ್ ಮಾತ್ರ ಬದಲಿಸಿ ಕೊಟ್ಟಿದ್ದಾರೆ. ತೂಕದ ಯಂತ್ರಕ್ಕಾದರೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳುತ್ತದೆ. ಮೆಟಲ್ ಡಿಟೆಕ್ಟರ್‌ಗೆ ಅಂಥ ಮುದ್ರೆ ಹಾಕುವವರಿಲ್ಲ. ಡೀಲರ್ ಕೊಟ್ಟ ಕಾಗದವೇ ಕಾಗದ.

ಆದ್ದರಿಂದ ಖರೀದಿ ಆದೇಶದಲ್ಲಿ ಮಾಡೆಲ್ ಹೆಸರು ಬರೆದು ಬಿಡಬೇಡಿ. ಬಾಯಿಯ ಅಗಲ, ಎತ್ತರ ಬರೆಯಿರಿ. ನಿಮ್ಮ ಘಟಕದಲ್ಲಿ, ಅಕ್ಕಪಕ್ಕದ ಯಂತ್ರಗಳೆಲ್ಲ ಓಡುತ್ತಿರುವಾಗ, ನಿಮ್ಮ ಪ್ಯಾಕ್‌ನ ನಡುವೆ ಇಟ್ಟ ಕಬ್ಬಿಣ, ಹಿತ್ತಾಳೆ ಮತ್ತು 316 ಸ್ಟೀಲ್ ಗುಂಡುಗಳಲ್ಲಿ ಯಾವ ಗಾತ್ರದ್ದು ಸಿಗಲೇಬೇಕು ಎಂದು ಅಂಕಿಯಲ್ಲಿ ಬರೆಯಿರಿ. ಅದು ಸಿಗುವವರೆಗೆ ಕೊನೆಯ ಕಂತು ಕೊಡುವುದಿಲ್ಲ ಎಂದೂ ಬರೆಯಿರಿ. ಯಂತ್ರದ ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಲಿ, ಇಂಜಿನಿಯರ್ ಬಂದು ಹೋದಾಗಲೆಲ್ಲ ಹಿಂದಿನ ಮತ್ತು ಈಗಿನ ಅಂಕಿಗಳು ಪುಸ್ತಕದಲ್ಲಿ ದಾಖಲಾಗಲಿ. ಪಾಳಿಯ ಶುರುವಿನಲ್ಲಿ, ಕೊನೆಯಲ್ಲಿ ಪರೀಕ್ಷೆ ಮಾಡುವಾಗ ಗಂಟೆ ಬಾರಿಸಿತೆಂದು ತೃಪ್ತರಾಗಬೇಡಿ, ಪ್ಯಾಕ್ ನಿಜವಾಗಿ ರಿಜೆಕ್ಟ್ ಡಬ್ಬಿಗೆ ಬಿತ್ತೇ ಎಂದು ಕಣ್ಣಾರೆ ನೋಡಿ. ಉಪ್ಪು ಬೆರೆತ ಮಸಾಲೆಗೂ ಬರೀ ಖಾರದ ಪುಡಿಗೂ ಒಂದೇ ಹೊಂದಾಣಿಕೆ ಸಾಲದು. ಉಪ್ಪು, ತೇವ ಎರಡೂ ತಮ್ಮದೇ ಸಂಕೇತ ಕೊಡುತ್ತವೆ. ಮಳೆಗಾಲದಲ್ಲಂತೂ ಮತ್ತೆ ಕಲಿಸಲೇಬೇಕು.

ನಮ್ಮ ಒಂದು ಕೆ.ಜಿ. ಪ್ಯಾಕ್‌ಗಳು ಈಗ ಹಳೆಯ ಯಂತ್ರದಲ್ಲೇ ರಾತ್ರಿ ಪಾಳಿಯಲ್ಲಿ ಹಾಯುತ್ತಿವೆ. ಬಾಯಿ ಚಿಕ್ಕದಿರುವ ಯಂತ್ರಕ್ಕೆ ಬದಲಿಸಿ ಕೊಡಿ ಎಂದು ಡೀಲರ್‌ಗೆ ಬರೆದ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ. ಸುತ್ತಮುತ್ತಲಿನ ಘಟಕದವರಲ್ಲಿ ಯಾರ ಬಳಿಯಾದರೂ ಸ್ಟೀಲ್ ಟೆಸ್ಟ್ ಪೀಸ್ ಇಲ್ಲದಿದ್ದರೆ ನಮ್ಮಲ್ಲಿಂದ ಒಯ್ದು, ನಿಮ್ಮ ಯಂತ್ರದಲ್ಲಿ ಪ್ಯಾಕ್‌ನ ನಡುವೆ ಇಟ್ಟು ಹಾಯಿಸಿ ನೋಡಿ, ಮರಳಿ ಕೊಟ್ಟರಾಯಿತು.