ಒಂದೇ ಟ್ಯೂಬ್, ಎರಡು ಮೌಂಟ್

ದೂರದರ್ಶಕವನ್ನು ಹೊತ್ತು ತಿರುಗಿಸುವ ಆಸರೆಯೇ ಮೌಂಟ್. ನಾನು ಮೊದಲು ಕೊಂಡದ್ದು ಚಿಕ್ಕ ಈಕ್ವಟೋರಿಯಲ್ ಮೌಂಟ್, ಅಂದರೆ ಒಂದು ಅಕ್ಷ ಧ್ರುವ ನಕ್ಷತ್ರದತ್ತ ಓರೆಯಾಗಿರುವಂಥದ್ದು. ಎರಡು ವರ್ಷಗಳ ನಂತರ ಕೊಂಡದ್ದು ಒಂಟಿ ತೋಳಿನ ಆಲ್ಟ್-ಅಜಿಮತ್, ಅಂದರೆ ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ತಿರುಗುವಂಥದ್ದು. ಎರಡರ ಮೇಲೂ ಕೂರಿಸಿದ್ದು ಒಂದೇ ದೂರದರ್ಶಕ: 130 ಮಿಲಿಮೀಟರ್ ಕನ್ನಡಿಯ ನ್ಯೂಟೋನಿಯನ್, ತೂಕ ಸುಮಾರು 4 ಕಿಲೋ. ಆಕಾಶ ತಿಳಿಯಾದ ರಾತ್ರಿ ನನ್ನ ಕೈ ಈಗ ಎರಡನೆಯದರ ಕಡೆಗೇ ಹೋಗುತ್ತದೆ.

ಈಕ್ವಟೋರಿಯಲ್ ಮೌಂಟನ್ನು ಸಮತೋಲನಕ್ಕೆ ತರುವುದು ಕಷ್ಟವೇನಲ್ಲ, ಆದರೆ ಕ್ರಮ ತಪ್ಪುವಂತಿಲ್ಲ. ಐಪೀಸ್ (ಕಣ್ಣಿಡುವ ಮಸೂರ), ಫೈಂಡರ್ (ಗುರಿ ಹಿಡಿಯುವ ಪುಟ್ಟ ಸಾಧನ) ಎಲ್ಲವನ್ನೂ ಹಾಕಿದ ಮೇಲೆಯೇ ಶುರು ಮಾಡಬೇಕು. ಪ್ರತಿತೂಕದ ದಂಡವನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು, ಧ್ರುವಾಕ್ಷದ ಕ್ಲಚ್ (ಅಕ್ಷವನ್ನು ಬಿಗಿಯುವ ಹಿಡಿ) ಸಡಿಲಿಸಿ, ತೂಕವನ್ನು ಹಿಂದೆ ಮುಂದೆ ಸರಿಸಬೇಕು. ಅದು ಕೂತ ಮೇಲೆ ಇನ್ನೊಂದು ಅಕ್ಷದ ಸರದಿ. ಅಲ್ಲಿ ಟ್ಯೂಬನ್ನು ಹಿಡಿದಿರುವ ಬಳೆಗಳೊಳಗೆ ಟ್ಯೂಬನ್ನೇ ಸರಿಸಬೇಕು. ಹತ್ತು ನಿಮಿಷದ ಕೆಲಸ.

ನನ್ನ ಸಹನೆ ಕೆಡಿಸಿದ್ದು ಆ ಹತ್ತು ನಿಮಿಷವಲ್ಲ. ನ್ಯೂಟೋನಿಯನ್ನಿನಲ್ಲಿ ಕಣ್ಣಿಡುವ ಜಾಗ ಟ್ಯೂಬಿನ ಪಕ್ಕದಲ್ಲಿರುತ್ತದೆ. ಈ ಮೌಂಟ್ ಓರೆಯಾದ ಅಕ್ಷದ ಸುತ್ತ ತಿರುಗುವುದರಿಂದ, ಪೂರ್ವದಲ್ಲಿ ಕೃತ್ತಿಕೆಯನ್ನು ನೋಡಿ ಪಶ್ಚಿಮದ ಕಡೆ ಹೊರಳಿಸುವಷ್ಟರಲ್ಲಿ ಐಪೀಸ್ ಟ್ಯೂಬಿನ ಅಡಿಗೆ ಹೋಗಿರುತ್ತದೆ. ನೋಡಬೇಕಾದರೆ ಬಳೆಗಳನ್ನು ಸಡಿಲಿಸಿ ಟ್ಯೂಬನ್ನು ಉರುಳಿಸಬೇಕು. ಸಡಿಲಿಸಿದ ಕೂಡಲೇ, ಮೇಲ್ಮುಖವಾಗಿರುವ ಟ್ಯೂಬ್ ಒಂದೆರಡು ಬೆರಳಿನಷ್ಟು ಕೆಳಗೆ ಜಾರುತ್ತದೆ. ಅಲ್ಲಿಗೆ ಸಮತೋಲನ ಮುಗಿಯಿತು: ಮುಂದಿನ ಸಲ ಕ್ಲಚ್ ಬಿಟ್ಟಾಗ ಬುಡ ಕುಸಿದು, ಬಾಯಿ ಮೇಲಕ್ಕೆ ಚಿಮ್ಮುತ್ತದೆ.

ಮೇಲಿನ ಬಳೆಯ ಮೇಲಂಚಿಗೆ ತಾಗುವಂತೆ ಟ್ಯೂಬಿಗೆ ದಪ್ಪ ಟೇಪನ್ನು ಹಲವು ಸುತ್ತು ಸುತ್ತಿದೆ. ಜಾರುವುದು ನಿಂತಿತು, ಈ ಮೌಂಟ್ ಇರುವ ಎಲ್ಲರಿಗೂ ಇದನ್ನೇ ಹೇಳುತ್ತೇನೆ. ಆದರೆ ಟ್ಯೂಬ್ ಉರುಳಿದಾಗ ಫೈಂಡರ್ ಮತ್ತು ಐಪೀಸ್ ಹಿಡಿಯುವ ಫೋಕಸರ್‌ಗಳ ಭಾರವೂ ಪಕ್ಕ ಬದಲಿಸುತ್ತದೆ. ಅದಕ್ಕೆ ಟೇಪಿನಲ್ಲಿ ಮದ್ದಿಲ್ಲ. ಕತ್ತಲಲ್ಲಿ, ಇಬ್ಬನಿ ಕೂತ ತಿರುಪುಗಳನ್ನು ಹಿಡಿದು ಒಂದೇ ರಾತ್ರಿ ನಾಲ್ಕು ಸಲ ಸಮತೋಲನ ಮಾಡಿದ್ದೇನೆ. ಅಂದು ಗುರು ಗ್ರಹವನ್ನು ನೋಡಿದ್ದು ಕಾಲು ಗಂಟೆಯೂ ಇಲ್ಲ.

ಆಲ್ಟ್-ಅಜಿಮತ್‌ಗೆ ಪ್ರತಿತೂಕವಿಲ್ಲ, ಧ್ರುವ ನಕ್ಷತ್ರವನ್ನು ಹುಡುಕುವುದೂ ಇಲ್ಲ. ಟ್ಯೂಬನ್ನು ಅಡ್ಡಲಾಗಿ ಹಿಡಿದು ಉದ್ದಕ್ಕೆ ಸರಿಸಿದರೆ ಮುಗಿಯಿತು. ಐಪೀಸನ್ನು ಒಮ್ಮೆ ಹೊರಪಕ್ಕಕ್ಕೆ ತಿರುಗಿಸಿಟ್ಟರೆ ರಾತ್ರಿಯಿಡೀ ಅದು ಅಲ್ಲೇ ಇರುತ್ತದೆ. ಫೈಂಡರ್ ಟ್ಯೂಬಿನ ನೆತ್ತಿಯ ಮೇಲಿದ್ದರೆ ಮಾತ್ರ, ಎತ್ತರಕ್ಕೆ ಏರಿಸಿದಾಗ ಬುಡ ಭಾರವಾಗುತ್ತದೆ. ನಾನು ಟ್ಯೂಬನ್ನು ಉರುಳಿಸಿ ಫೈಂಡರನ್ನು ಅಕ್ಷದ ಮಟ್ಟಕ್ಕೆ ಇಳಿಸಿದೆ.

ಆದರೆ ಇದರಲ್ಲಿ ನಡುನೆತ್ತಿಗೆ ಗುರಿಯಿಟ್ಟರೆ ಟ್ಯೂಬಿನ ಬುಡ ಮುಕ್ಕಾಲಿಯ ಕಾಲಿಗೆ ತಾಗುತ್ತದೆ.

ಈಕ್ವಟೋರಿಯಲ್‌ಗೆ ಸಲ್ಲಬೇಕಾದದ್ದು ಸಲ್ಲಲಿ. ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. 100 ಪಟ್ಟು ವರ್ಧನೆಯಲ್ಲಿ ನನ್ನ ಐಪೀಸಿಗೆ ಕಾಣುವುದು ಅರ್ಧ ಡಿಗ್ರಿ, ಆದ್ದರಿಂದ ಗ್ರಹವೊಂದು ಈ ಅಂಚಿನಿಂದ ಆ ಅಂಚಿಗೆ ಎರಡೇ ನಿಮಿಷಗಳಲ್ಲಿ ದಾಟಿಬಿಡುತ್ತದೆ. ಅದನ್ನು ಒಂದೇ ಗುಂಡಿ ತಿರುಗಿಸಿ ಹಿಂಬಾಲಿಸುವ ಸುಖ ಆಲ್ಟ್-ಅಜಿಮತ್‌ನಲ್ಲಿಲ್ಲ. ಅಲ್ಲಿ ಎರಡೂ ಕೈಗಳಿಗೆ ಕೆಲಸ. ಮೋಟಾರು ಹಾಕಿ ಗ್ರಹಗಳನ್ನೇ ಗಂಟೆಗಟ್ಟಲೆ ನೋಡುವವರು, ಚಿತ್ರ ತೆಗೆಯುವವರು ಈಕ್ವಟೋರಿಯಲ್ಲನ್ನೇ ಕೊಳ್ಳಬೇಕು.

ನಾನು ಚಿತ್ರ ತೆಗೆಯುವವನಲ್ಲ. ಕೆಲಸ ಮುಗಿಸಿ ಸಿಗುವ ಮುಕ್ಕಾಲು ಗಂಟೆಯಲ್ಲಿ ಐದಾರು ಕಡೆ ಕಣ್ಣು ಹಾಯಿಸುವವನು, ಎಲ್ಲವನ್ನೂ ಒಂದೇ ಸಲಕ್ಕೆ ಮೆಟ್ಟಿಲು ಹತ್ತಿಸಬೇಕಾದವನು. ಮೋಟಾರಿಗೆಂದು ಕೂಡಿಟ್ಟ ಹಣದಲ್ಲಿ ಅಗಲ ನೋಟದ ಒಂದು ಐಪೀಸ್ ಕೊಂಡೆ. ಈಕ್ವಟೋರಿಯಲ್‌ನ ತೂಕಗಳು ಕಪಾಟಿನ ಕೆಳಗಿನ ಖಾನೆಯಲ್ಲಿವೆ.