ಗ್ಯಾರೇಜಿನಲ್ಲಿ ವೇಕ್‌ಸರ್ಫ್ ಹಲಗೆ ಮಾಡಹೊರಟವರಿಗೆ

ಫೋಮು, ಗಾಜಿನ ನಾರಿನ ಬಟ್ಟೆ, ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ರೆಸಿನ್, ಅಂದರೆ ಅಂಟುದ್ರವ) ಇಷ್ಟಿದ್ದರೆ ವೇಕ್‌ಸರ್ಫ್ ಹಲಗೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಮಾಡಬಹುದು. ಕಳೆದ ವರ್ಷ ನಾನೂ ನನ್ನ ಷಡ್ಡಕರೂ ಸೇರಿ ಮಾಡಿದೆವು. ಹಲಗೆ ತೇಲಿತು, ಅದರ ಮೇಲೆ ನಿಂತೆವು, ಫೋಟೊ ತೆಗೆಸಿಕೊಂಡೆವು. ಆ ಫೋಟೊ ನೋಡಿದ ನಮ್ಮ ಕನ್ನಡ ಸಂಘದ ಹುಡುಗರು ಒಬ್ಬೊಬ್ಬರಾಗಿ "ನಾವೂ ಮಾಡುತ್ತೇವೆ, ಸಾಮಾನಿನ ಪಟ್ಟಿ ಕೊಡಿ" ಎಂದು ಕೇಳುತ್ತಿದ್ದಾರೆ. ಪಟ್ಟಿ ಕೊಡುವ ಮೊದಲು, ಫೋಟೊ ತೆಗೆದ ಮೇಲೆ ಏನಾಯಿತು ಎಂಬುದನ್ನು ಓದಿಕೊಳ್ಳಿ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೋಟಾರು ದೋಣಿಯ ಹಿಂದೆ ಏಳುವ ಅಲೆಯ ಮೇಲೆ ಸವಾರಿ ಮಾಡುವುದು ವೇಕ್‌ಸರ್ಫಿಂಗ್. ದೋಣಿ ಗಂಟೆಗೆ 10–12 ಮೈಲಿ ವೇಗದಲ್ಲಿ ಹೋಗುತ್ತದೆ. ಒಂದು ಬದಿಗೆ ನೀರು ತುಂಬಿದ ಚೀಲಗಳ ಭಾರ ಹೇರಿ ಅಲೆಯನ್ನು ಎತ್ತರ ಮಾಡುತ್ತಾರೆ. ಹಗ್ಗ ಹಿಡಿದು ಎದ್ದು ನಿಂತು, ಅಲೆ ಸಿಕ್ಕ ಮೇಲೆ ಹಗ್ಗವನ್ನು ದೋಣಿಯೊಳಕ್ಕೆ ಎಸೆದುಬಿಡಬೇಕು. ಹಲಗೆ ಐದು ಅಡಿ ಆಸುಪಾಸು, ಸಮುದ್ರದ ಸರ್ಫ್ ಹಲಗೆಗಿಂತ ಗಿಡ್ಡ. ಟೆಕ್ಸಾಸಿನ ಆಸ್ಟಿನ್‌ನಲ್ಲಿರುವ ನಮಗೆ ಇದಕ್ಕೆ ಟ್ರಾವಿಸ್ ಜಲಾಶಯವಿದೆ. ಕೊಲರಾಡೊ ನದಿಗೆ ಮ್ಯಾನ್ಸ್‌ಫೀಲ್ಡ್ ಅಣೆಕಟ್ಟು ಕಟ್ಟಿದ್ದರಿಂದ ನಿಂತ ನೀರು ಅದು. (ಗ್ರ್ಯಾಂಡ್ ಕ್ಯಾನಿಯನ್ ಕೊರೆದ ಕೊಲರಾಡೊ ಬೇರೆ, ಇದು ಟೆಕ್ಸಾಸಿನಲ್ಲೇ ಹುಟ್ಟಿ ಟೆಕ್ಸಾಸಿನಲ್ಲೇ ಕಡಲು ಸೇರುವ ನದಿ. ಊರಿನಿಂದ ಬಂದ ನೆಂಟರೆಲ್ಲ ತಪ್ಪದೆ ಕೇಳುವ ಪ್ರಶ್ನೆಯಾದ್ದರಿಂದ ಹೇಳಿದೆ.)

ಅಂಗಡಿಯಲ್ಲಿ ಒಳ್ಳೆಯ ಹಲಗೆಗೆ ಐನೂರು ಡಾಲರಿನಿಂದ ಮೇಲಕ್ಕೆ ಬೆಲೆ. ಮನೆಯಲ್ಲಾದರೆ ನೂರಿನ್ನೂರಕ್ಕೆ ಮುಗಿಯುತ್ತದೆ ಎಂದು ವೀಡಿಯೊಗಳು ಹೇಳುತ್ತವೆ. ಆ ವೀಡಿಯೊಗಳ ಮೇಲೆ ನನಗಿರುವ ಸಿಟ್ಟು ಒಂದೇ: ಅವೆಲ್ಲ ಮೊದಲ ಸವಾರಿಗೆ ಮುಗಿದುಬಿಡುತ್ತವೆ. ಹಲಗೆ ನೀರಿಗಿಳಿಯುತ್ತದೆ, ಸಂಗೀತ ಏರುತ್ತದೆ, ಶುಭಂ. ಅದೇ ಹಲಗೆ ಆಗಸ್ಟಿನ ಬಿಸಿಲಿನಲ್ಲಿ ಹೇಗಿತ್ತು, ಅದನ್ನು ಮಾಡಿದವನ ಕೈ ತಿಂಗಳ ನಂತರ ಹೇಗಿತ್ತು ಎಂಬುದನ್ನು ಯಾರೂ ತೋರಿಸುವುದಿಲ್ಲ. ಈ ಕೆಲಸದಲ್ಲಿ ಕೇಡು ಮಾಡುವ ವಸ್ತುಗಳೆಲ್ಲ ತಡವಾಗಿ ಕೇಡು ಮಾಡುವಂಥವು.

ಮೊದಲು ಫೋಮು. ಇಲ್ಲಿನ ಹಾರ್ಡ್‌ವೇರ್ ಮಳಿಗೆಗಳಲ್ಲಿ, ಗೋಡೆಗೆ ಶಾಖ ತಡೆಯಲೆಂದು ಹಾಕುವ ನೀಲಿ ಅಥವಾ ಗುಲಾಬಿ ಹಾಳೆಗಳು ಸಿಗುತ್ತವೆ. ಎಂಟಡಿ ಉದ್ದ, ನಾಲ್ಕಡಿ ಅಗಲ, ಎರಡಿಂಚು ದಪ್ಪ. ಗಟ್ಟಿ, ನುಣುಪು, ನೀರು ಕುಡಿಯುವುದಿಲ್ಲ. "ಹಲಗೆ ಮಾಡುವವರೆಲ್ಲ ಇದನ್ನೇ ಒಯ್ಯುತ್ತಾರೆ" ಎಂದು ಮಳಿಗೆಯವನೂ ಹೇಳಿದ. ಒಯ್ಯುತ್ತಿರಬಹುದು, ಆಮೇಲೆ ಏನಾಯಿತೆಂದು ಹೇಳಲು ಯಾರೂ ಅವನ ಬಳಿಗೆ ಹಿಂತಿರುಗಿ ಹೋಗಿರಲಾರರು.

ಈ ಹಾಳೆಯೂ ನಮ್ಮ ಥರ್ಮಾಕೋಲೂ ಒಂದೇ ಪಾಲಿಸ್ಟೈರೀನಿನಿಂದ ಆದವು, ಆದರೆ ಒಳಗಿನ ರಚನೆ ಬೇರೆ. ಥರ್ಮಾಕೋಲಿನಲ್ಲಿ ಕಾಳುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕಾಳುಗಳ ನಡುವೆ ಗಾಳಿ ನುಸುಳಲು ಸಂದುಗಳಿರುತ್ತವೆ. ನೀಲಿ ಹಾಳೆಯದು ಪೂರ್ತಿ ಮುಚ್ಚಿದ ಕೋಶಗಳು. ಅದನ್ನು ಉಬ್ಬಿಸಲು ಬಳಸಿದ ಅನಿಲ ಆ ಕೋಶಗಳಲ್ಲೇ ಉಳಿದು, ಬಹಳ ನಿಧಾನವಾಗಿ ಹೊರಬರುತ್ತಿರುತ್ತದೆ. ಬಿಸಿ ತಗುಲಿದರೆ ಅನಿಲ ಹಿಗ್ಗುತ್ತದೆ. ಹಲಗೆಯ ಮೇಲೆ ಗಾಜು ಮತ್ತು ರೆಸಿನ್ನಿನ ಗಟ್ಟಿ ಚಿಪ್ಪು ಇರುವುದರಿಂದ ಅದಕ್ಕೆ ಹೋಗಲು ದಾರಿಯಿಲ್ಲ. ಚಿಪ್ಪಿಗೂ ಫೋಮಿಗೂ ಇರುವ ಅಂಟನ್ನು ಬಿಡಿಸಿಕೊಂಡು ಅಲ್ಲೇ ಗುಳ್ಳೆಯಾಗಿ ನಿಲ್ಲುತ್ತದೆ. ಹಾಳೆಯ ನುಣುಪು ಮೈಯನ್ನು ರೆಸಿನ್ ಬಿಗಿಯಾಗಿ ಹಿಡಿದುಕೊಳ್ಳುವುದೂ ಇಲ್ಲ, ಹಾಗಾಗಿ ಬಿಡಿಸುವ ಕೆಲಸ ಇನ್ನೂ ಸಲೀಸು.

ಫೋಮಿನ ಜೊತೆಗೇ ಇರುವ ಇನ್ನೊಂದು ಅಪಾಯದಿಂದ ನಾವು ಪಾರಾಗಿದ್ದೆವು, ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಊರಿನಲ್ಲಿ ಓದುವವರೂ ಇದ್ದಾರೆ. ಮೂಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಬೆಳೆದಿದೆ. ಹಲಗೆಯನ್ನು ತಾವೇ ಮಾಡಿಕೊಳ್ಳಬೇಕೆಂಬ ಆಸೆ ಅಲ್ಲಿನ ಹುಡುಗರಿಗೂ ಬರುವುದು ಸಹಜ. ಕರಾವಳಿಯಲ್ಲಿ ಫೈಬರ್ ದೋಣಿ ಕಟ್ಟುವವರ ಬಳಿ ಸುಲಭವಾಗಿ ಸಿಗುವುದು ಪಾಲಿಯೆಸ್ಟರ್ ರೆಸಿನ್. ಅದರಲ್ಲಿರುವ ಸ್ಟೈರೀನ್ ಎಂಬ ದ್ರಾವಕ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಶಾಲೆಯ ಪ್ರಾಜೆಕ್ಟಿಗೆಂದು ಥರ್ಮಾಕೋಲಿನ ಮೇಲೆ ಸ್ಪ್ರೇ ಪೇಂಟ್ ಹೊಡೆದವರು, ಅದು ಕಣ್ಣೆದುರೇ ಕುಸಿದು ತೂತಾದುದನ್ನು ನೋಡಿರುತ್ತೀರಿ. ಇಲ್ಲೂ ಆಗುವುದು ಅದೇ. ಥರ್ಮಾಕೋಲಾಗಲಿ ನೀಲಿ ಹಾಳೆಯಾಗಲಿ, ಅದರ ಮೇಲೆ ನೇರವಾಗಿ ಪಾಲಿಯೆಸ್ಟರ್ ಸುರಿಯಬೇಡಿ. ಆ ರೆಸಿನ್ ಗಟ್ಟಿಯಾಗಲು ಬೆರೆಸುವ ಎಂಇಕೆಪಿ ನೋಡಲು ನೀರಿನಂತೆ ಇರುತ್ತದೆ. ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಗೆ ಕುತ್ತು.

ಈ ಕರಗುವ ಸಮಸ್ಯೆ ಹಳೆಯದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಬಾಬ್ ಸಿಮನ್ಸ್ ಪಾಲಿಸ್ಟೈರೀನ್ ಫೋಮಿನಿಂದ ಸರ್ಫ್ ಹಲಗೆ ಮಾಡಿದಾಗ, ಫೋಮಿಗೂ ರೆಸಿನ್ನಿಗೂ ನಡುವೆ ತೆಳು ಪ್ಲೈವುಡ್ ಇಟ್ಟು ಮುಚ್ಚಿದ್ದ. ಆಮೇಲೆ ಪಾಲಿಯೆಸ್ಟರನ್ನು ತಡೆದುಕೊಳ್ಳುವ ಪಾಲಿಯುರೆಥೇನ್ ಫೋಮು ಬಂದು ಹಲವು ದಶಕ ಅದೇ ಆಳಿತು. ಅಮೆರಿಕದಲ್ಲಿ ಅದನ್ನು ಬಹುಪಾಲು ಒದಗಿಸುತ್ತಿದ್ದ ಕ್ಲಾರ್ಕ್ ಫೋಮ್ ಕಂಪನಿ 2005ರ ಡಿಸೆಂಬರ್ 5ರಂದು ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ಫೋಮು ತಯಾರಿಕೆಗೆ ಬೇಕಾದ ಟಿಡಿಐ ಎಂಬ ವಿಷಕಾರಿ ರಾಸಾಯನಿಕದ ಸುತ್ತಲಿನ ಸರ್ಕಾರಿ ಬಿಗಿ ಅದಕ್ಕೊಂದು ಕಾರಣವಾಗಿತ್ತು. ಹಲಗೆ ಮಾಡುವವರು ಆಗ ಪಾಲಿಸ್ಟೈರೀನ್ ಮತ್ತು ಎಪಾಕ್ಸಿಯ ಕಡೆಗೆ ಇನ್ನಷ್ಟು ವಾಲಿದರು. ಗ್ಯಾರೇಜಿನವರೂ ಹಿಂದೆಯೇ ಬಂದೆವು. ಎಪಾಕ್ಸಿ ಫೋಮನ್ನು ಕರಗಿಸುವುದಿಲ್ಲ, ಪಾಲಿಯೆಸ್ಟರಿನಂತೆ ಮೂಗು ಒಡೆಯುವ ನಾತವೂ ಇಲ್ಲ. ಆ ನಾತ ಇಲ್ಲದಿರುವುದೇ ದೊಡ್ಡ ಮೋಸ. ಅದಕ್ಕೆ ಆಮೇಲೆ ಬರುತ್ತೇನೆ.

ಎಪಾಕ್ಸಿ ಡಬ್ಬಿಯ ಮೇಲೆ, ಬೆರೆಸಿದ ಮೇಲೆ ಕೆಲಸಕ್ಕೆ ಸಿಗುವ ಸಮಯ ಇಪ್ಪತ್ತೈದು ನಿಮಿಷ ಎಂದು ಅಚ್ಚು ಹಾಕಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ 77 ಡಿಗ್ರಿ ಫ್ಯಾರನ್‌ಹೀಟ್ (25 ಸೆಲ್ಸಿಯಸ್) ಎಂದೂ ಇತ್ತು. ಜುಲೈ ತಿಂಗಳ ಟೆಕ್ಸಾಸಿನ ಗ್ಯಾರೇಜಿನಲ್ಲಿ 77 ಎಂಬ ಅಂಕಿ ನಡುರಾತ್ರಿಯಲ್ಲೂ ಕಾಣಸಿಗುವುದಿಲ್ಲ. ಷಡ್ಡಕರು ಒಂದು ಭಾಗ ಹಾರ್ಡನರಿಗೆ (ರೆಸಿನ್ನನ್ನು ಗಟ್ಟಿ ಮಾಡುವ ಎರಡನೆಯ ದ್ರವ) ಎರಡು ಭಾಗ ರೆಸಿನ್ ಅಳೆದು, ಪ್ಲಾಸ್ಟಿಕ್ ಲೋಟದಲ್ಲಿ ಕದಡಿ, ಹಲಗೆಯ ನಡುವಿಗೆ ಒಂದಿಷ್ಟು ಸುರಿದು ಹರಡತೊಡಗಿದರು. ಲೋಟದಲ್ಲಿ ಉಳಿದಿದ್ದ ರೆಸಿನ್ ಮೊದಲು ಜೇನಿನ ಬಣ್ಣಕ್ಕೆ ತಿರುಗಿತು. ಲೋಟದ ಬುಡ ಮೆತ್ತಗಾಗಿ ಒಂದು ಕಡೆ ವಾಲಿತು. ಆಮೇಲೆ ಬಿಳಿ ಹೊಗೆ. ಎರಡೂ ದ್ರವ ಕೂಡುವಾಗ ಶಾಖ ಹುಟ್ಟುತ್ತದೆ, ಆ ಶಾಖ ಕೂಡುವ ವೇಗವನ್ನು ಹೆಚ್ಚಿಸುತ್ತದೆ. ಲೋಟದಲ್ಲಿ ರಾಶಿಯಾಗಿ ನಿಂತ ರೆಸಿನ್ನಿಗೆ ಬಿಸಿಯನ್ನು ಹೊರಹಾಕಲು ಮೈಯೇ ಸಾಲದು. ಅದನ್ನು ಇಕ್ಕಳದಲ್ಲಿ ಹಿಡಿದು ಹೊರಗಿನ ಕಾಂಕ್ರೀಟಿನ ಮೇಲಿಟ್ಟೆವು. ಗ್ಯಾರೇಜಿನಲ್ಲೇ ಕಸದ ಡಬ್ಬಿಗೆ ಹಾಕಿದ್ದರೆ, ಅಲ್ಲಿದ್ದ ಕಾಗದ, ಚಿಂದಿಗಳ ಜೊತೆ ಮನೆಗೇ ಬೆಂಕಿ ಹತ್ತಬಹುದಿತ್ತು.

ಅದೆಲ್ಲ ದಾಟಿ ಹಲಗೆ ಆಯಿತು ಎನ್ನಿ. ಉಜ್ಜಿದೆವು, ಅಡಿಯಲ್ಲಿ ಮೀನಿನ ರೆಕ್ಕೆಯಂಥ ಫಿನ್ ಕೂರಿಸಿದೆವು, ಷಡ್ಡಕರ ಮಗಳು ಆರಿಸಿದ ಕಡುನೀಲಿ ಬಣ್ಣ ಬಳಿದೆವು. ನೋಡಲು ಚೆನ್ನಾಗಿತ್ತು, ಅದನ್ನು ಯಾಕೆ ಮುಚ್ಚಿಡಲಿ.

ಕೆಡತೊಡಗಿದ್ದು ನೀರಿನಲ್ಲಿ ಅಲ್ಲವೇ ಅಲ್ಲ. ಊಟಕ್ಕೆಂದು ದೋಣಿ ನಿಲ್ಲಿಸಿ ಹಲಗೆಯನ್ನು ಕಟ್ಟೆಯ ಮೇಲೆ ಅಂಗಾತ ಹಾಕಿದ್ದೆವು. ಆಗಸ್ಟಿನ ನೆತ್ತಿಯ ಬಿಸಿಲು, ಕಡುನೀಲಿ ಬಣ್ಣ. ತಿಂದು ಬಂದು ನೋಡಿದರೆ ಹಿಂಗಾಲು ಇಡುವ ಜಾಗದಲ್ಲಿ ಚಿಪ್ಪು ಎಣ್ಣೆಯಲ್ಲಿ ಬಿಟ್ಟ ಪೂರಿಯಂತೆ ಉಬ್ಬಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಟಕ್ಕೆಂದು ಕೆಳಗಿಳಿಯುತ್ತಿತ್ತು, ಬಿಟ್ಟರೆ ಟಕ್ಕೆಂದು ಮೇಲೇಳುತ್ತಿತ್ತು. ಸಂಜೆ ತಂಪಾದಾಗ ಉಬ್ಬು ಇಳಿದು ಮೊದಲಿನಂತಾಯಿತು. ಇದೇ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಇಳಿದ ಮೇಲೆ ಸರಿಹೋಯಿತು ಎನ್ನಿಸುತ್ತದೆ. ಚಿಪ್ಪು ಫೋಮನ್ನು ಬಿಟ್ಟಿದ್ದು ಬಿಟ್ಟಂತೆಯೇ ಇರುತ್ತದೆ. ತೂತು ಕೊರೆದು ಸಿರಿಂಜಿನಿಂದ ರೆಸಿನ್ ತುಂಬಿಸಿ ಎಂಬ ಉಪಾಯವನ್ನೂ ಮಾಡಿದ್ದಾಯಿತು; ಮುಂದಿನ ಬಿಸಿಲಿಗೆ ಗುಳ್ಳೆ ಪಕ್ಕದಲ್ಲಿ ಎದ್ದಿತು.

ಹಲಗೆಯ ಬಲವೆಲ್ಲ ಚಿಪ್ಪು ಮತ್ತು ಫೋಮು ಒಂದಾಗಿ ನಿಂತಿರುವುದರಲ್ಲಿದೆ. ಅಂಟು ಬಿಟ್ಟ ಕಡೆ ಉಳಿಯುವುದು ಬರೀ ತೆಳು ಗಾಜಿನ ಪದರ. ಸವಾರಿಯ ನಡುವೆ ಅಲ್ಲಿ ನನ್ನ ಹಿಮ್ಮಡಿ ಒಳಕ್ಕೆ ಇಳಿಯಿತು, ಹಲಗೆ ಅಡ್ಡಕ್ಕೆ ಮುರಿಯಿತು, ಮುರಿದ ಅಂಚು ಮೀನಖಂಡವನ್ನು ಸೀಳಿತು. ಗಾಜಿನ ನಾರು ಮುರಿದಾಗ ಗರಗಸದ ಹಲ್ಲುಗಳಂಥ ಅಂಚು ಬಿಡುತ್ತದೆ, ಸಣ್ಣ ಸಣ್ಣ ಸಿಬಿರುಗಳು ಗಾಯದೊಳಗೇ ಉಳಿಯುತ್ತವೆ. ತುರ್ತು ಚಿಕಿತ್ಸೆಯಲ್ಲಿ ಹೊಲಿಗೆ ಹಾಕುವುದಕ್ಕಿಂತ ಅವನ್ನು ಹುಡುಕಿ ತೆಗೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಅಮೆರಿಕದ ಆಸ್ಪತ್ರೆಯ ಬಿಲ್ಲಿನ ಬಗ್ಗೆ ಬರೆಯುವುದಿಲ್ಲ. ಇಲ್ಲಿರುವವರಿಗೆ ಗೊತ್ತು, ಅಲ್ಲಿರುವವರು ನಂಬುವುದಿಲ್ಲ.

ನನ್ನ ಗಾಯ ಮಾಯ್ದಿತು. ಷಡ್ಡಕರದು ಮಾಯುವ ಜಾತಿಯದಲ್ಲ. ಹಲಗೆ ಮುಗಿದು ಕೆಲವು ವಾರಗಳಾದ ಮೇಲೆ ಅವರ ಬೆರಳ ಸಂದುಗಳಲ್ಲಿ, ಕೈಗವಸು ಮುಗಿಯುವ ಮಣಿಕಟ್ಟಿನ ಸುತ್ತ ಕೆಂಪು ದದ್ದು ಎದ್ದಿತು. ನೀರುಗುಳ್ಳೆ, ತಡೆಯಲಾರದ ತುರಿಕೆ. ಮೊದಲು ಬೆವರುಸಾಲೆ ಎಂದುಕೊಂಡು ಅಕ್ಕ ಚಂದನ ಹಚ್ಚಿದರು. ಸಿರಿಂಜಿನ ದುರಸ್ತಿಗೆಂದು ಮತ್ತೆ ಎಪಾಕ್ಸಿ ಬೆರೆಸಿದ ಮರುದಿನ ಕಣ್ಣಿನ ರೆಪ್ಪೆಗಳೇ ಊದಿಕೊಂಡವು. ಚರ್ಮರೋಗ ತಜ್ಞೆ ಬೆನ್ನಿನ ಮೇಲೆ ಪಟ್ಟಿಗಳನ್ನು ಅಂಟಿಸಿ ಪರೀಕ್ಷೆ ಮಾಡಿ ಎಪಾಕ್ಸಿ ಅಲರ್ಜಿ ಎಂದರು. ನಾತ ಇಲ್ಲದಿರುವುದೇ ಮೋಸ ಎಂದೆನಲ್ಲ, ಅದು ಇದೇ. ರೆಸಿನ್, ಹಾರ್ಡನರ್ ಎರಡಕ್ಕೂ ಈ ಗುಣವಿದೆ: ಚರ್ಮಕ್ಕೆ ತಗುಲುತ್ತಾ ತಗುಲುತ್ತಾ, ಏನೂ ಆಗದೆ ಆಗದೆ, ಒಂದು ದಿನ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಆಮೇಲೆ ಲವಲೇಶ ಸಾಕು. ಸಾಮಾನ್ಯವಾಗಿ ಇದು ಜೀವನಪರ್ಯಂತ ಉಳಿಯುವಂಥದ್ದು. ಈಗ ಅವರು ಮನೆಯಲ್ಲಿ ಎರಡು ಟ್ಯೂಬಿನ ಅಂಟನ್ನೂ ಮುಟ್ಟುವಂತಿಲ್ಲ.

ವೀಡಿಯೊಗಳಲ್ಲಿ ಕೈಗೆ ಮೆತ್ತಿದ ಎಪಾಕ್ಸಿಯನ್ನು ಅಸಿಟೋನಿನಲ್ಲಿ ಒರೆಸಿಕೊಳ್ಳುವುದನ್ನು ನೋಡಿರಬಹುದು. ದ್ರಾವಕ ರೆಸಿನ್ನನ್ನು ತೆಳುಮಾಡಿ ಚರ್ಮದೊಳಕ್ಕೆ ಇಳಿಸುತ್ತದೆ. ಸಾಬೂನು, ನೀರು ಬಿಟ್ಟು ಬೇರೇನೂ ಬೇಡ. ಮೆತ್ತದಂತೆ ನೋಡಿಕೊಳ್ಳುವುದೇ ಮೇಲು. ಕೈಗವಸು ನೈಟ್ರೈಲ್ ಆಗಿರಲಿ, ತೋಳು ಉದ್ದವಿರಲಿ, ಮೆತ್ತಿದ ಕೂಡಲೇ ಬದಲಾಯಿಸಿ. ಇನ್ನೊಂದು: ಮರುದಿನ ಮುಟ್ಟಿದರೆ ಗಟ್ಟಿ ಎನಿಸಿದರೂ ಎಪಾಕ್ಸಿ ಪೂರ್ತಿ ಹದಕ್ಕೆ ಬರಲು ಸುಮಾರು ಒಂದು ವಾರ ಬೇಕು. ಅರೆಹದದ ಎಪಾಕ್ಸಿಯನ್ನು ಉಜ್ಜಿದರೆ ಏಳುವ ಧೂಳೂ ಅಲರ್ಜಿ ತರುತ್ತದೆ. ಎನ್95 ಮುಖಗವಸು ಧೂಳನ್ನು ತಡೆಯುತ್ತದೆ, ಆವಿಯನ್ನಲ್ಲ. ಪಾಲಿಯೆಸ್ಟರ್ ಬಳಸುವವರಿಗೆ ಸಾವಯವ ಆವಿ ಹೀರುವ ಡಬ್ಬಿಯುಳ್ಳ ಮುಖವಾಡವೇ ಬೇಕು. ಬಿಸಿ ತಂತಿಯಿಂದ ಪಾಲಿಯುರೆಥೇನ್ ಫೋಮು ಕತ್ತರಿಸುವ ಸಾಹಸವಂತೂ ಬೇಡವೇ ಬೇಡ, ಆ ಹೊಗೆ ವಿಷ.

ಇಷ್ಟು ಓದಿಯೂ ಮಾಡಿಯೇ ತೀರುತ್ತೇನೆ ಎನ್ನುವವರು ಇರುತ್ತೀರಿ. ಹಾಗಾದರೆ ಗೋಡೆಯ ಹಾಳೆ ಬಿಟ್ಟು, ಸರ್ಫ್ ಹಲಗೆಗೆಂದೇ ಅಚ್ಚು ಹಾಕಿದ ಕಾಳು ಫೋಮಿನ ದಿಮ್ಮಿ ಕೊಳ್ಳಿ. ಗಾಳಿ ಹೊರಹೋಗಲು ಸಣ್ಣ ತಿರುಪಿನ ಬಿರಡೆ ಕೂರಿಸಿ. ಬಣ್ಣ ಬಿಳಿಯೇ ಇರಲಿ, ಮಕ್ಕಳು ಎಷ್ಟೇ ಹಟ ಮಾಡಲಿ. ಎಪಾಕ್ಸಿಯನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ಅಗಲ ತಟ್ಟೆಯಲ್ಲಿ ಹರಡಿಟ್ಟುಕೊಂಡು, ಚಳಿಗಾಲದ ಹಿತವಾದ ದಿನ ನೋಡಿ ಕೆಲಸ ಮಾಡಿ. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಹಾಕಿದರೆ ಗಟ್ಟಿಯಾಗುವ ಬದಲು ಅಂಟಂಟಾಗಿಯೇ ಉಳಿಯುತ್ತದೆ. ಇದಿಷ್ಟನ್ನೂ ಸರಿಯಾಗಿ ಮಾಡಿದರೆ ಖರ್ಚು ಹೊಸ ಹಲಗೆಯ ಬೆಲೆಯ ಹತ್ತಿರಕ್ಕೇ ಬರುತ್ತದೆ ಎಂಬುದು ನಿಮಗೇ ತಿಳಿಯುತ್ತದೆ. ಸೆಪ್ಟೆಂಬರ್ ಕೊನೆಗೆ ಜನ ಬಳಸಿದ ಹಲಗೆಗಳನ್ನು ಅರ್ಧ ಬೆಲೆಗೆ ಮಾರುತ್ತಾರೆ. ಈಗ ನಾವಿಬ್ಬರೂ ಅಂಥದ್ದೊಂದರ ಮೇಲೆಯೇ ನಿಲ್ಲುತ್ತಿದ್ದೇವೆ.

ಹಲಗೆ ಯಾರದಾದರೂ ಇರಲಿ, ಪ್ರೊಪೆಲರ್ ಹಿಂದಕ್ಕೆ ಚಾಚಿಕೊಂಡಿರುವ ಔಟ್‌ಬೋರ್ಡ್ ದೋಣಿಯ ಹಿಂದೆ ವೇಕ್‌ಸರ್ಫ್ ಮಾಡಬೇಡಿ. ಸವಾರ ದೋಣಿಗೆ ಹತ್ತೇ ಅಡಿ ದೂರದಲ್ಲಿರುತ್ತಾನೆ. ಪ್ರೊಪೆಲರ್ ದೋಣಿಯ ಹೊಟ್ಟೆಯ ಕೆಳಗಿರುವ ಇನ್‌ಬೋರ್ಡ್ ದೋಣಿಯೇ ಬೇಕು. ಅಷ್ಟು ಹತ್ತಿರದಲ್ಲಿ ಎಂಜಿನ್ನಿನ ಕಾರ್ಬನ್ ಮಾನಾಕ್ಸೈಡ್ ಕೂಡ ಮುಖಕ್ಕೇ ಬರುತ್ತದೆ, ಅದಕ್ಕೂ ವಾಸನೆಯಿಲ್ಲ. ತಲೆನೋವು, ವಾಕರಿಕೆ ಬಂದರೆ ಬಿಸಿಲಿನ ಮೇಲೆ ಹಾಕದೆ ಎಂಜಿನ್ ಆರಿಸಿ, ದೂರ ಸರಿಯಿರಿ. ದೋಣಿಯ ಹಿಂದಿನ ಮೆಟ್ಟಿಲ ಮೇಲೆ ಎಂಜಿನ್ ಓಡುತ್ತಿರುವಾಗ ಮಕ್ಕಳನ್ನು ಕೂರಿಸಬೇಡಿ.

ಅರ್ಧ ಉಳಿದ ಎಪಾಕ್ಸಿ ಡಬ್ಬಿಗಳನ್ನು ನನ್ನ ಬಳಿ ಕೇಳುತ್ತಿರುವವರಿಗೆ: ಅವನ್ನು ನಗರದ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಕೊಟ್ಟಾಗಿದೆ. ನಿಮ್ಮಲ್ಲೂ ಉಳಿದಿದ್ದರೆ ಅಲ್ಲಿಗೇ ಒಯ್ಯಿರಿ, ಮೋರಿಗೆ ಸುರಿಯಬೇಡಿ.